ಸ್ಪೋರ್ಟಿ ಸೆಡಾನ್ ಮನೆಮಂದಿಯ ಕಾರಾಗಬಲ್ಲದೇ?

ಮಗು ಬರುವ ಸುದ್ದಿ ತಿಳಿದ ಕೂಡಲೇ ನಮ್ಮ ಅನಿವಾಸಿ ಬಳಗದಲ್ಲಿ ಕೇಳಿಬರುವ ಮೊದಲ ಸಲಹೆ, ಇರುವ ಕಾರನ್ನು ಮಾರಿ ಎಸ್‌ಯುವಿ ತೆಗೆದುಕೊಳ್ಳಿ ಎಂಬುದು. ಕಾರು ಓಡಿಸುವುದರಲ್ಲೇ ಸುಖ ಕಾಣುವವರಿಗೆ ಈ ಮಾತು ರುಚಿಸುವುದಿಲ್ಲ. ಅವರ ಮನಸ್ಸು ಹೋಂಡಾ ಸಿವಿಕ್ ಎಸ್‌ಐ, ಫೋಕ್ಸ್‌ವ್ಯಾಗನ್ ಜೆಟ್ಟಾ ಜಿಎಲ್‌ಐ, ಮಜ್ದಾ 3 ಟರ್ಬೊ, ಹ್ಯುಂಡೈ ಎಲಾಂಟ್ರಾ ಎನ್, ಸುಬರು ಡಬ್ಲ್ಯುಆರ್‌ಎಕ್ಸ್ ಮುಂತಾದವುಗಳ ಸುತ್ತಲೇ ಸುಳಿಯುತ್ತಿರುತ್ತದೆ. ನಾಲ್ಕು ಬಾಗಿಲುಗಳಿವೆಯಲ್ಲ, ಸಾಲದೇ ಎಂದು ಅವರು ಕೇಳುತ್ತಾರೆ. ಒಂದೋ ಎರಡೋ ಮಕ್ಕಳಿರುವ ಮನೆಗೆ ಖಂಡಿತ ಸಾಲುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಈ ಬಗೆಯ ಕಾರುಗಳ ಬಗ್ಗೆ ಬರುವ ವಿಮರ್ಶೆಗಳೆಲ್ಲ ಚಾಲಕನ ಸೀಟಿನಲ್ಲಿ ಕುಳಿತು ಬರೆದಂಥವು. ಮನೆಗೆ ಹೊಂದುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಹಿಂದಿನ ಬಾಗಿಲಲ್ಲಿ, ಡಿಕ್ಕಿಯಲ್ಲಿ ಮತ್ತು ಟೈರುಗಳಲ್ಲಿ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆಯೆಂದರೆ ಹಿಮ್ಮುಖವಾಗಿ ಕೂರಿಸುವ ಚೈಲ್ಡ್ ಸೀಟ್. ಯುರೋಪಿನಲ್ಲಿ ಜಾರಿಯಲ್ಲಿರುವ ಆರ್129 ನಿಯಮದ ಪ್ರಕಾರ ಮಗು ಕನಿಷ್ಠ 15 ತಿಂಗಳಾಗುವವರೆಗೆ ಹಿಮ್ಮುಖವಾಗಿಯೇ ಕೂರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಂತೂ 2018ರಿಂದ ವಯಸ್ಸಿನ ಲೆಕ್ಕವನ್ನೇ ಬಿಟ್ಟು, ಸೀಟಿನ ತಯಾರಕರು ನಿಗದಿಪಡಿಸಿದ ತೂಕ ಮತ್ತು ಎತ್ತರದ ಮಿತಿ ಮುಟ್ಟುವವರೆಗೂ ಹಿಮ್ಮುಖವಾಗಿಯೇ ಇರಲಿ ಎನ್ನುತ್ತದೆ. ಅಂದರೆ ಇದು ಕೆಲವು ತಿಂಗಳ ಮಾತಲ್ಲ, ಎರಡು ಮೂರು ವರ್ಷಗಳ ಮಾತು. ನವಜಾತ ಶಿಶುವಿನ ತಲೆ ಮುಂದಕ್ಕೆ ವಾಲಿ ಉಸಿರಾಟಕ್ಕೆ ತೊಂದರೆಯಾಗದಿರಲೆಂದು ಆ ಸೀಟನ್ನು ಸಾಕಷ್ಟು ಒರಗಿಸಿಯೇ ಕಟ್ಟಬೇಕಾಗುವುದರಿಂದ, ಅದು ಅಗಲಕ್ಕಿಂತ ಹೆಚ್ಚಾಗಿ ಉದ್ದವನ್ನು ನುಂಗುತ್ತದೆ ಮತ್ತು ಆ ಉದ್ದವನ್ನು ಬಿಟ್ಟುಕೊಡಬೇಕಾದವರು ಅದರ ಮುಂದಿನ ಸೀಟಿನಲ್ಲಿ ಕುಳಿತವರು. ಗಂಡ ಹೆಂಡಿರಲ್ಲಿ ಒಬ್ಬರು ಆರಡಿ ಎತ್ತರದವರಾಗಿದ್ದರೆ ಅವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆಯೇ ಎಂಬುದನ್ನು ಯಾವ ಪ್ರಚಾರ ಪುಸ್ತಿಕೆಯೂ ಹೇಳುವುದಿಲ್ಲ.

ಇಲ್ಲಿ ಒಂದೇ ವರ್ಗದ ಕಾರುಗಳ ನಡುವೆಯೂ ಎದ್ದು ಕಾಣುವ ವ್ಯತ್ಯಾಸವಿದೆ. ಉತ್ತರ ಅಮೆರಿಕದಲ್ಲಿ ಮಾರಾಟವಾಗುವ ಮಾದರಿಗಳನ್ನೇ ತೆಗೆದುಕೊಂಡರೆ, ಮಜ್ದಾ 3ರ ಹಿಂದಿನ ಸೀಟಿನಲ್ಲಿ ಕಾಲಿಗೆ ಸಿಗುವ ಜಾಗ ಸುಮಾರು 89 ಸೆಂಟಿಮೀಟರ್, ಡಬ್ಲ್ಯುಆರ್‌ಎಕ್ಸ್‌ನಲ್ಲಿ ಸುಮಾರು 93, ಸಿವಿಕ್ ಮತ್ತು ಜೆಟ್ಟಾಗಳಲ್ಲಿ ಸುಮಾರು 95, ಎಲಾಂಟ್ರಾದಲ್ಲಿ ಅದಕ್ಕಿಂತಲೂ ತುಸು ಹೆಚ್ಚು. ಐದಾರು ಸೆಂಟಿಮೀಟರ್ ಎಂದರೆ ಏನು ಮಹಾ ಎನ್ನಿಸಬಹುದು. ಆದರೆ ಹಿಮ್ಮುಖದ ಸೀಟಿನ ಮುಂದೆ ದೊಡ್ಡವರೊಬ್ಬರು ನೆಮ್ಮದಿಯಾಗಿ ಕೂರುವುದಕ್ಕೂ ಎದೆಗೆ ಸ್ಟೀರಿಂಗ್ ಒತ್ತಿಕೊಂಡು ಓಡಿಸುವುದಕ್ಕೂ ಇರುವ ಅಂತರ ಅಷ್ಟೇ. ಮಜ್ದಾ 3 ನೋಡಲು ಇವೆಲ್ಲಕ್ಕಿಂತ ಚೆಂದ, ಒಳಾಂಗಣದ ಅಚ್ಚುಕಟ್ಟುತನದಲ್ಲೂ ಅದಕ್ಕೇ ನನ್ನ ಮತ; ಹಾಗಿದ್ದೂ ಎರಡು ವರ್ಷದೊಳಗಿನ ಮಗುವಿರುವ ಎತ್ತರದ ದಂಪತಿಗೆ ನಾನು ಅದನ್ನು ಶಿಫಾರಸು ಮಾಡಲಾರೆ.

ಸ್ಪೋರ್ಟಿ ಮಾದರಿಗಳಿಗೆಂದೇ ಇರುವ ಇನ್ನೊಂದು ತೊಡಕು ಮುಂದಿನ ಸೀಟುಗಳದು. ತಿರುವಿನಲ್ಲಿ ಮೈ ಜಾರದಂತೆ ಹಿಡಿಯಲು ಅವುಗಳ ಬದಿಗಳನ್ನು ಉಬ್ಬಿಸಿರುತ್ತಾರೆ, ಕೆಲವು ಕಾರುಗಳಲ್ಲಿ ಬೆನ್ನಿನ ಭಾಗಕ್ಕೆ ಗಟ್ಟಿ ಚಿಪ್ಪನ್ನೇ ಹಾಕಿರುತ್ತಾರೆ. ಇದರಿಂದ ಸಾಮಾನ್ಯ ಮಾದರಿಗೆ ಹೊಂದಿದ ಚೈಲ್ಡ್ ಸೀಟ್ ಅದೇ ಕಾರಿನ ಸ್ಪೋರ್ಟಿ ಮಾದರಿಗೆ ಇಕ್ಕಟ್ಟಾಗಬಹುದು. ಹಿಂಬದಿಯಲ್ಲಿ ತಲೆಯೊರಗು ಕಳಚಲಾಗದಂತೆ ಸೀಟಿನೊಡನೆ ಒಂದಾಗಿದ್ದರೆ, ಮುಂದೆ ಮಗು ದೊಡ್ಡದಾಗಿ ಎತ್ತರದ ಬೆನ್ನಿನ ಬೂಸ್ಟರ್ (ದೊಡ್ಡ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟಿಗೆ ಹೊಂದಿಸುವ ಸೀಟು) ಹಾಕುವ ಕಾಲಕ್ಕೆ ಅದು ಸಮನಾಗಿ ಒರಗದೆ ಮುಂದಕ್ಕೆ ತಳ್ಳಲ್ಪಡುತ್ತದೆ. ಅದಕ್ಕೇ ನಾನು ಹೇಳುವುದು ಇಷ್ಟು: ಟೆಸ್ಟ್ ಡ್ರೈವ್‌ಗೆ ಹೋಗುವಾಗ ನಿಮ್ಮ ಚೈಲ್ಡ್ ಸೀಟನ್ನು, ಅದೂ ಈಗ ಬಳಸುವ ಅಥವಾ ಕೊಳ್ಳಲಿರುವ ಅದೇ ಸೀಟನ್ನು, ಜೊತೆಗೆ ಒಯ್ದು ನೀವು ಕೊಳ್ಳಲಿರುವ ಅದೇ ಮಾದರಿಯಲ್ಲಿ ಕಟ್ಟಿ ನೋಡಬೇಕು. ಚೈಲ್ಡ್ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಕಾರಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಮೆತ್ತೆಯ ಸಂದಿನಲ್ಲಿ ಎಷ್ಟು ಆಳಕ್ಕೆ ಹುದುಗಿವೆ, ಒಂದೇ ಕೈಯಲ್ಲಿ ಸಿಕ್ಕಿಸಲಾಗುತ್ತದೆಯೇ, ಸೀಟ್ ಕಟ್ಟಿದ ಮೇಲೆ ಪಕ್ಕದ ಬೆಲ್ಟಿನ ಬಕಲ್ ಕೈಗೆ ಸಿಗುತ್ತದೆಯೇ ಎಂಬುದೆಲ್ಲ ಆಗಲೇ ತಿಳಿಯುವುದು. ಚೈಲ್ಡ್ ಸೀಟಿನ ಮೇಲ್ಭಾಗವನ್ನು ಕಾರಿಗೆ ಬಿಗಿಯುವ ಪಟ್ಟಿಯನ್ನು ಸಿಕ್ಕಿಸುವ ವಿಚಾರದಲ್ಲಿ ಮಾತ್ರ ಸೆಡಾನ್‌ಗೇ ಅನುಕೂಲ. ಅದರ ಕೊಂಡಿ ಹಿಂಗಾಜಿನ ಕೆಳಗಿನ ಹಲಗೆಯ ಮೇಲಿರುವುದರಿಂದ ಡಿಕ್ಕಿ ತುಂಬ ಸಾಮಾನಿದ್ದರೂ ಅದನ್ನು ಮುಟ್ಟಬಹುದು. ಗಾಜು ತೀರಾ ಇಳಿಜಾರಾಗಿದ್ದರೆ ಬೆರಳು ತೂರಿಸುವುದು ಸ್ವಲ್ಪ ಕಷ್ಟ, ಅಷ್ಟೇ.

ದೇಶ ಬದಲಿಸುತ್ತಿರುವವರಿಗೆ ಇಲ್ಲೊಂದು ಮಾತು. ಅಮೆರಿಕದಲ್ಲಿ ಮಾನ್ಯವಾದ ಚೈಲ್ಡ್ ಸೀಟ್ ಯುರೋಪಿನಲ್ಲಿ ಮಾನ್ಯವಲ್ಲ, ಯುರೋಪಿನದು ಅಮೆರಿಕದಲ್ಲಿ ಮಾನ್ಯವಲ್ಲ. ಕೆನಡಾ ಕೂಡ ತನ್ನದೇ ಸುರಕ್ಷತಾ ಗುರುತನ್ನು ಕೇಳುತ್ತದೆ. ಹಳೆಯ ಸೀಟನ್ನು ವಿಮಾನದಲ್ಲಿ ಹೊತ್ತು ತಂದು ಅದರ ಅಳತೆಗೆ ಕಾರು ಹುಡುಕುವ ಶ್ರಮ ಬೇಡ.

ಎತ್ತರದ ಪ್ರಶ್ನೆಗೆ ಎರಡು ಮುಖಗಳಿವೆ, ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಸಿವಿಕ್‌ನಂಥ ಸೆಡಾನ್ ನೆಲದಿಂದ ಚಾವಣಿಗೆ ಸುಮಾರು 1.4 ಮೀಟರ್ ಇರುತ್ತದೆ, ಮಧ್ಯಮ ಗಾತ್ರದ ಎಸ್‌ಯುವಿ ಸುಮಾರು 1.7 ಮೀಟರ್. ಮೊದಲ ಎರಡು ವರ್ಷ ಮಗುವನ್ನು ಎತ್ತಿ, ಸೊಂಟ ಬಗ್ಗಿಸಿ, ಚಾವಣಿಯ ಅಂಚಿಗೆ ತಲೆ ತಗುಲದಂತೆ ಒಳಗೆ ಕೂರಿಸಬೇಕಾದವರಿಗೆ, ಅದರಲ್ಲೂ ಸಿಸೇರಿಯನ್ ಆಗಿ ಚೇತರಿಸಿಕೊಳ್ಳುತ್ತಿರುವ ತಾಯಿಗೆ, ಈ ವ್ಯತ್ಯಾಸ ದಿನವೂ ಗೊತ್ತಾಗುತ್ತದೆ. ಬಾಣಂತನಕ್ಕೆಂದು ಬಂದ ಅಪ್ಪ ಅಮ್ಮಂದಿರಿಗೂ ತಗ್ಗಿನ ಸೀಟಿನಿಂದ ಏಳುವಾಗ ಮಂಡಿ ನೋಯುತ್ತದೆ. ಅವರು ತಿಂಗಳುಗಟ್ಟಲೆ ಇರುವವರಾದರೆ ಇದನ್ನು ಕಡೆಗಣಿಸುವಂತಿಲ್ಲ. ಮಗುವಿಗೆ ನಾಲ್ಕು ವರ್ಷವಾಗುತ್ತಿದ್ದಂತೆ ಲೆಕ್ಕ ತಿರುಗಿಬಿಡುತ್ತದೆ. ತಗ್ಗಿನ ಸೆಡಾನ್‌ಗೆ ಮಗು ತಾನೇ ಹತ್ತುತ್ತದೆ, ತಾನೇ ಇಳಿಯುತ್ತದೆ, ಬೆಲ್ಟ್ ತಾನೇ ಹಾಕಿಕೊಳ್ಳಲು ಹಟ ಮಾಡುತ್ತದೆ. ಎಸ್‌ಯುವಿಯಲ್ಲಾದರೆ ಅದನ್ನು ಎತ್ತಿ ಕೂರಿಸುವ ಕೆಲಸ ಇನ್ನೂ ಕೆಲಕಾಲ ತಪ್ಪುವುದಿಲ್ಲ. ಹೀಗಾಗಿ ಸ್ಪೋರ್ಟಿ ಸೆಡಾನ್ ಬೇಕೆನ್ನುವವರು ಕೇಳಿಕೊಳ್ಳಬೇಕಾದದ್ದು ಮಕ್ಕಳಿದ್ದಾರೆಯೇ ಎಂದಲ್ಲ, ಕಿರಿಯ ಮಗುವಿಗೆ ಈಗ ಎಷ್ಟು ವಯಸ್ಸು ಎಂದು.

ಮಕ್ಕಳ ವಾಂತಿಯ ಬಗ್ಗೆ ಕಾರಿನ ಚರ್ಚೆಗಳಲ್ಲಿ ಯಾರೂ ಮಾತಾಡುವುದಿಲ್ಲ, ಆದರೆ ಸಾಮಾನ್ಯವಾಗಿ ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಪ್ರಯಾಣದ ತಲೆಸುತ್ತು ಹೆಚ್ಚು. ಕಿವಿಯೊಳಗಿನ ಸಮತೋಲನದ ಅಂಗ ಚಲನೆಯನ್ನು ಗ್ರಹಿಸುತ್ತಿರುವಾಗ ಕಣ್ಣಿಗೆ ಮುಂದಿನ ಸೀಟಿನ ಬೆನ್ನಷ್ಟೇ ಕಾಣುತ್ತಿದ್ದರೆ ಹೊಟ್ಟೆ ತೊಳಸುತ್ತದೆ. ಸ್ಪೋರ್ಟಿ ಸೆಡಾನ್‌ಗಳ ಕಿಟಕಿಯ ಅಂಚು ಹಿಂದಕ್ಕೆ ಹೋಗುತ್ತಾ ಮೇಲೇರುತ್ತದೆ, ಗಾಜು ಕಿರಿದಾಗುತ್ತದೆ, ಒಳಾಂಗಣ ಪೂರ್ತಿ ಕಪ್ಪಗಿರುತ್ತದೆ. ಆ ಎತ್ತರದಲ್ಲಿ ಕುಳಿತ ಮಗುವಿಗೆ ದಿಗಂತ ಕಾಣಿಸುವುದಿಲ್ಲ. ಇದಕ್ಕೆ ಚಾಲಕರ ಉತ್ಸಾಹವೂ ಸೇರಿದರೆ ಫಲಿತಾಂಶವನ್ನು ವಿವರಿಸಬೇಕಿಲ್ಲ. ಈ ದೃಷ್ಟಿಯಿಂದ ಕಿಟಕಿ ದೊಡ್ಡದಾಗಿರುವ, ಪೆಟ್ಟಿಗೆಯಂಥ ಆಕಾರದ ಜೆಟ್ಟಾ ಇಳಿಜಾರು ಚಾವಣಿಯ ಕಾರುಗಳಿಗಿಂತ ಮೇಲು. ಆದ್ದರಿಂದ ಕೊಳ್ಳುವ ಮೊದಲು ಹಿಂದಿನ ಸೀಟಿನಲ್ಲಿ ಮಗುವಿನ ತಲೆಯ ಎತ್ತರಕ್ಕೆ ನಿಮ್ಮ ಕಣ್ಣನ್ನು ತಂದು ಹೊರಗೆ ಏನು ಕಾಣುತ್ತದೆಂದು ಒಮ್ಮೆ ನೋಡಿ.

ಟೈರಿನ ಮೇಲಿನ ಅಂಕಿಗಳನ್ನು ಓದುವ ಅಭ್ಯಾಸ ಮಾಡಿಕೊಂಡರೆ ಸವಾರಿ ಹೇಗಿರುತ್ತದೆ ಎಂಬುದರ ಅರ್ಧ ಕಥೆ ಅಲ್ಲೇ ಸಿಗುತ್ತದೆ. ಎಲಾಂಟ್ರಾ ಎನ್‌ನ ಟೈರಿನ ಅಳತೆ 245/35 ಆರ್19. ಅಂದರೆ 245 ಮಿಲಿಮೀಟರ್ ಅಗಲದ ಶೇ 35ರಷ್ಟು, ಸುಮಾರು 86 ಮಿಲಿಮೀಟರ್ ಮಾತ್ರ ಚಕ್ರಕ್ಕೂ ರಸ್ತೆಗೂ ನಡುವೆ ಇರುವ ರಬ್ಬರಿನ ಗೋಡೆ. ಸಿವಿಕ್ ಎಸ್‌ಐನ 235/40 ಆರ್18ರಲ್ಲಿ ಅದು 94 ಮಿಲಿಮೀಟರ್. ಸಾಮಾನ್ಯ ಸೆಡಾನ್‌ಗಳಲ್ಲಿ ಕಾಣುವ 205/55 ಆರ್16ರಲ್ಲಿ 113 ಮಿಲಿಮೀಟರ್. ಈ ಗೋಡೆ ಕುಗ್ಗಿದಷ್ಟೂ ಸ್ಟೀರಿಂಗ್ ಚುರುಕಾಗುತ್ತದೆ, ನಿಜ. ಜೊತೆಗೆ ರಸ್ತೆಯ ಪ್ರತಿಯೊಂದು ಸಂದೂ ಮಲಗಿದ ಮಗುವನ್ನು ತಟ್ಟಿ ಎಬ್ಬಿಸುತ್ತದೆ, ಗುಂಡಿಗೆ ಬಿದ್ದಾಗ ರಿಮ್ ಬಾಗುವ ಸಾಧ್ಯತೆ ಹೆಚ್ಚುತ್ತದೆ, ಹೆದ್ದಾರಿಯಲ್ಲಿ ಟೈರಿನ ಸದ್ದು ಮೇಲೇರುತ್ತದೆ. ಬಿಗಿತವನ್ನು ಗುಂಡಿಯೊತ್ತಿ ಬದಲಿಸಬಲ್ಲ ಸಸ್ಪೆನ್ಷನ್ ಇದ್ದರೆ ಸ್ವಲ್ಪ ಮಟ್ಟಿಗೆ ಪರಿಹಾರ ಸಿಗುತ್ತದೆ. ಅದು ಎಲಾಂಟ್ರಾ ಎನ್‌ನಲ್ಲಿದೆ, ಜಿಎಲ್‌ಐನ ಮೇಲ್ದರ್ಜೆಯ ಮಾದರಿಯಲ್ಲಿದೆ. 2022ರ ಮಾದರಿಯಿಂದ ಬಂದ ಸಿವಿಕ್ ಎಸ್‌ಐನಲ್ಲಿ ಹೋಂಡಾ ಅದನ್ನು ತೆಗೆದುಹಾಕಿದೆ.

ಚಳಿಯ ದೇಶಗಳಲ್ಲಿರುವವರು ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಡಬ್ಲ್ಯುಆರ್‌ಎಕ್ಸ್ ಒಂದಿದ್ದರೆ ಹಿಮದ ಚಿಂತೆಯಿಲ್ಲ ಎಂದು ನಂಬುವುದುಂಟು. ಹೊರಡುವುದಕ್ಕೆ ಅದು ನೆರವಾಗುತ್ತದೆ, ನಿಲ್ಲುವುದಕ್ಕೆ ಆಗುವುದಿಲ್ಲ. ಬ್ರೇಕ್ ಹಾಕುವಾಗ ಎಲ್ಲ ಕಾರಿಗೂ ನಾಲ್ಕೇ ಟೈರು. ಈ ಬಗೆಯ ಕಾರುಗಳಲ್ಲಿ ಹಲವು ಬೇಸಿಗೆ ಟೈರು ಹಾಕಿಸಿಕೊಂಡೇ ಕಾರ್ಖಾನೆಯಿಂದ ಬರುತ್ತವೆ ಮತ್ತು ಆ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲಕ್ಕೆಂದು ಇನ್ನೂ ನಾಲ್ಕು ಚಕ್ರ ಮತ್ತು ಟೈರಿನ ಖರ್ಚನ್ನು, ಅವನ್ನು ಇಡುವ ಜಾಗವನ್ನೂ ಕಾರಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು.

ಡಿಕ್ಕಿಯ ವಿಷಯದಲ್ಲಿ ಲೀಟರ್ ಲೆಕ್ಕವನ್ನು ನಂಬಿ ಕೂರಬೇಡಿ. ಸಿವಿಕ್, ಜೆಟ್ಟಾ, ಎಲಾಂಟ್ರಾ ಮೂರರಲ್ಲೂ 400 ಲೀಟರ್‌ನ ಆಸುಪಾಸು ಇದೆ, ಮಜ್ದಾ 3ರಲ್ಲಿ ಸುಮಾರು 374, ಡಬ್ಲ್ಯುಆರ್‌ಎಕ್ಸ್‌ನಲ್ಲಿ ಸುಮಾರು 354. ವಿಮಾನಯಾನದ ದೊಡ್ಡ ಸೂಟ್‌ಕೇಸ್ ಒಂದಕ್ಕೆ ನೂರು ಲೀಟರಿನ ಮೇಲೆ ಬೇಕು. ಲೆಕ್ಕದ ಪ್ರಕಾರ ಮೂರು ಹಿಡಿಯಬೇಕಾದಲ್ಲಿ ಸಾಮಾನ್ಯವಾಗಿ ಎರಡು ದೊಡ್ಡವು ಮತ್ತು ಒಂದು ಸಣ್ಣದು ಹಿಡಿಯುತ್ತವೆ, ಏಕೆಂದರೆ ಮುಚ್ಚಳದ ಬಾಗಿದ ಕೀಲುಗಳು ಒಳಗೆ ಇಳಿದು ಜಾಗ ತಿನ್ನುತ್ತವೆ ಮತ್ತು ಸೆಡಾನ್‌ನ ಡಿಕ್ಕಿಯ ಬಾಯಿ ಯಾವಾಗಲೂ ಹೊಟ್ಟೆಗಿಂತ ಚಿಕ್ಕದು. ಮಡಚಿದ ಸ್ಟ್ರೋಲರ್ ಒಳಗೆ ಹಿಡಿಸುವಂತಿದ್ದರೂ ಬಾಯಿಯಲ್ಲಿ ತೂರದೆ ಹೋಗಬಹುದು. ಎಲಾಂಟ್ರಾ ಎನ್‌ನಲ್ಲಿ ಕಾರಿನ ಬಿಗಿತಕ್ಕೆಂದು ಹಿಂದಿನ ಸೀಟಿನ ಬೆನ್ನಿಗೆ ಅಡ್ಡಪಟ್ಟಿ ಕೊಟ್ಟಿರುವುದರಿಂದ ಸೀಟು ಮಡಚಿದರೂ ಉದ್ದನೆಯ ಸಾಮಾನು ಸಲೀಸಾಗಿ ಸಾಗುವುದಿಲ್ಲ. ಊರಿನಿಂದ ಬರುವ ಬಂಧುಗಳನ್ನು ವಿಮಾನ ನಿಲ್ದಾಣದಿಂದ ಕರೆತರುವ ದಿನಕ್ಕೆ ಮಾತ್ರ ದೊಡ್ಡ ಕಾರು ಬಾಡಿಗೆಗೆ ಪಡೆಯುವುದು, ಆ ಒಂದೆರಡು ದಿನಗಳಿಗಾಗಿ ವರ್ಷವಿಡೀ ದೊಡ್ಡ ಕಾರನ್ನು ಸಾಕುವುದಕ್ಕಿಂತ ಅಗ್ಗ.

ಮೂರು ಮಕ್ಕಳಿದ್ದರೆ, ಅಥವಾ ಎರಡು ಚೈಲ್ಡ್ ಸೀಟುಗಳ ನಡುವೆ ದೊಡ್ಡವರೊಬ್ಬರು ನಿತ್ಯ ಕೂರಬೇಕಿದ್ದರೆ ಈ ವರ್ಗದ ಕಾರು ಆಗುವುದಿಲ್ಲ, ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಶಕ್ತಿಯ ಬಗ್ಗೆ ನನ್ನ ನಿಲುವು, ಅತಿ ಹೆಚ್ಚು ಶಕ್ತಿಯ ಮಾದರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುವುದು ಜಾಣತನ ಎಂಬುದು. ಸಿವಿಕ್ ಎಸ್‌ಐನ 200 ಅಶ್ವಶಕ್ತಿ, ಎಲಾಂಟ್ರಾ ಎನ್‌ಗಿಂತ ಸೌಮ್ಯವಾದ ಎಲಾಂಟ್ರಾ ಎನ್ ಲೈನ್‌ನ 201, ಜಿಎಲ್‌ಐನ 228 ಇವು ಹೆದ್ದಾರಿಗೆ ಸೇರಿಕೊಳ್ಳುವಾಗಲೂ ತುಂಬಿದ ಕಾರಿನಲ್ಲಿ ಘಾಟಿ ಹತ್ತುವಾಗಲೂ ಧಾರಾಳ. ಎಲಾಂಟ್ರಾ ಎನ್‌ನ 276 ಅಥವಾ ಡಬ್ಲ್ಯುಆರ್‌ಎಕ್ಸ್‌ನ 271 ಬೇಕೆನ್ನುವವರು ಅದರ ಜೊತೆಗೆ ಬಿಗಿಯಾದ ಸವಾರಿ, ಬೇಗ ಸವೆಯುವ ಟೈರು, ಹೆಚ್ಚಿನ ವಿಮೆ ಎಲ್ಲವನ್ನೂ ಒಟ್ಟಿಗೇ ಕೊಳ್ಳುತ್ತಾರೆ. ಮಜ್ದಾ 3 ಟರ್ಬೊ ಪ್ರೀಮಿಯಂ ಪೆಟ್ರೋಲಿನಲ್ಲಿ 250 ಅಶ್ವಶಕ್ತಿ ಕೊಡುತ್ತದೆ, ಸಾಮಾನ್ಯ ಪೆಟ್ರೋಲಿನಲ್ಲಿ 227; ಆ 23ಕ್ಕಾಗಿ ಪ್ರತಿ ಸಲ ದುಬಾರಿ ಪೆಟ್ರೋಲ್ ತುಂಬಿಸುವ ಅಗತ್ಯ ಮನೆಯ ಕಾರಿಗೆ ಇಲ್ಲವೆಂದೇ ನನ್ನ ಭಾವನೆ.

ಗೇರಿನ ಪ್ರಶ್ನೆಯನ್ನು ಇಬ್ಬರೂ ಕೂತು ಮಾತಾಡಿಕೊಳ್ಳುವುದು ಮುಖ್ಯ. ಸಿವಿಕ್ ಎಸ್‌ಐ ಮ್ಯಾನುಯಲ್ ಗೇರಿನಲ್ಲಿ ಮಾತ್ರ ಬರುತ್ತದೆ. ಬ್ರಿಟನ್‌ನಂಥ ದೇಶಗಳಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟು ಪರವಾನಗಿ ಪಡೆದವರು ಮ್ಯಾನುಯಲ್ ಓಡಿಸುವಂತಿಲ್ಲ. ಹಾಗೆ ನಿರ್ಬಂಧವಿಲ್ಲದ ದೇಶಗಳಲ್ಲೂ, ಮಗುವಿಗೆ ಜ್ವರ ಬಂದು ಡೇಕೇರ್‌ನಿಂದ ಕರೆ ಬಂದಾಗ ಮನೆಯಲ್ಲಿರುವವರಿಗೆ ಕಾರು ಓಡಿಸಲು ಬಾರದಿದ್ದರೆ ಆ ಕಾರು ಒಬ್ಬರದೇ ಹೊರತು ಮನೆಯದಲ್ಲ. ಇಬ್ಬರಲ್ಲಿ ಒಬ್ಬರಿಗೆ ಕ್ಲಚ್ ಬೇಸರವೆಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ, ಒಳಗೆ ಎರಡು ಕ್ಲಚ್‌ಗಳಿರುವ ಆಟೊಮ್ಯಾಟಿಕ್ ಇರುವ ಜೆಟ್ಟಾ ಅಥವಾ ಎಲಾಂಟ್ರಾದ ಕಡೆ ಹೋಗುವುದೇ ಸರಿ.

ಹೊಸದಾಗಿ ದೇಶಕ್ಕೆ ಬಂದವರು ಹಳೆಯ ಕಾರನ್ನೇ ನೋಡುವುದು ಸಹಜ. ಆಗ ಇಂಜಿನ್ನಿನ ಸಾಫ್ಟ್‌ವೇರ್ ಬದಲಿಸಿದ, ಸಸ್ಪೆನ್ಷನ್ ತಗ್ಗಿಸಿದ, ಸೈಲೆನ್ಸರ್ ಬದಲಾಯಿಸಿದ ಕಾರುಗಳನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಟ್ಟುಬಿಡಿ; ಅವನ್ನು ಮೊದಲಿನವರು ಹೇಗೆ ದಂಡಿಸಿದ್ದಾರೆಂದು ಯಾವ ದಾಖಲೆಯಲ್ಲೂ ಇರುವುದಿಲ್ಲ. ವಿಮೆಯ ದರವನ್ನೂ ಕಾರಿಗೆ ಮುಂಗಡ ಕೊಡುವ ಮೊದಲೇ, ಒಂದೇ ಕಾರಿನ ಸಾಮಾನ್ಯ ಮಾದರಿಗೂ ಸ್ಪೋರ್ಟಿ ಮಾದರಿಗೂ ಪ್ರತ್ಯೇಕವಾಗಿ ಕೇಳಿ ಇಟ್ಟುಕೊಳ್ಳಿ. ಸ್ಥಳೀಯ ಚಾಲನೆಯ ಇತಿಹಾಸ ಇಲ್ಲದವರಿಗೆ ಮೊದಲ ವರ್ಷ ಆ ಎರಡರ ನಡುವಿನ ಅಂತರ ಕಾರಿನ ಆಯ್ಕೆಯನ್ನೇ ಬದಲಿಸುವಷ್ಟು ದೊಡ್ಡದಾಗಿರಬಹುದು. ಹಾಗಿದ್ದಲ್ಲಿ ಸದ್ಯಕ್ಕೆ ಸಾಮಾನ್ಯ ಮಾದರಿಯನ್ನೇ ಕೊಂಡು, ಮಗು ಬೂಸ್ಟರ್ ಸೀಟಿಗೆ ಬರುವ ಹೊತ್ತಿಗೆ, ಅಂದರೆ ವಿಮೆಯೂ ಇಳಿದು ಹಿಂದಿನ ಸೀಟಿನ ಇಕ್ಕಟ್ಟೂ ಕಳೆದ ಮೇಲೆ, ಇಷ್ಟದ ಕಾರಿಗೆ ಬದಲಾಯಿಸಿಕೊಳ್ಳುವುದರಲ್ಲಿ ನಷ್ಟವೇನಿಲ್ಲ.