ಹಳೆಯ ಮಣ್ಣಿನ ಗೋಡೆಗೆ ಉಕ್ಕಿನ ಬಾಗಿಲು: ಅಗಲ ಮೂರು ಕಡೆಯೂ ಸಮ ಬಂದಿದೆ, ಆರ್ಡರ್ ಕೊಡಬಹುದೇ?

ಆಲ್ದೂರು ಮನೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ ನಮ್ಮದು ಮಣ್ಣಿನ ಗೋಡೆಯ ಹಳೆಯ ಮನೆ. ಮುಂಬಾಗಿಲಿನ ಹಲಸಿನ ಮರದ ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು, ತೆಗೆಸಿದ್ದೇವೆ. ಈಗ ತಗಡು ಅಡ್ಡ ಕಟ್ಟಿಕೊಂಡಿದ್ದೇವೆ. ಮಳೆಗಾಲಕ್ಕೆ ಮುಂಚೆ ಉಕ್ಕಿನ ಬಾಗಿಲು ಕೂರಬೇಕು. ಕಲ್ಲಿನ ಹೊಸ್ತಿಲನ್ನು ಮಾತ್ರ ಕದಲಿಸಬಾರದು ಎಂದು ಅತ್ತೆಯವರು ಹೇಳಿದ್ದಾರೆ, ನನ್ನ ಇಷ್ಟವೂ ಅದೇ.

ಹೊರಗೆ ನಿಂತು ನೋಡಿ ತೆಗೆದ ಅಳತೆ, ಎಲ್ಲವೂ ಮಿಲಿಮೀಟರಿನಲ್ಲಿ: ಅಗಲ ಕೆಳಗೆ 1078, ನಡುವೆ 1080, ಮೇಲೆ 1079. ಹೊಸ್ತಿಲಿನಿಂದ ಲಿಂಟಲ್‌ವರೆಗೆ ಎತ್ತರ ಎಡಕ್ಕೆ 2112, ಬಲಕ್ಕೆ 2122. ಮೂಲೆಯಿಂದ ಮೂಲೆಗೆ 2381 ಮತ್ತು 2371. ಅಂಗಡಿಯವರು 1070 × 2105 ಚೌಕಟ್ಟು ಮಾಡುತ್ತೇವೆ, ಹಳೆಯ ಮನೆಯಲ್ಲಿ ಮೂಲೆ ಅಳತೆ 10 ಮಿ.ಮೀ. ಹೆಚ್ಚು ಕಡಿಮೆ ಇದ್ದೇ ಇರುತ್ತದೆ ಎನ್ನುತ್ತಿದ್ದಾರೆ. ಮುಂಗಡ ಕೊಡಬಹುದೇ?

ಸಕಲೇಶಪುರದ ಗಾರೆ ಮೇಸ್ತ್ರಿ

ಮಿಲಿಮೀಟರಿನಲ್ಲಿ ಬರೆದದ್ದು ಒಳ್ಳೆಯದಾಯಿತು ಮೇಡಂ. ಚೀಟಿಯಲ್ಲಿ 3.6 ಎಂದು ಬರೆದರೆ ಮೂರು ಅಡಿ ಆರು ಇಂಚು ಎಂದು ಓದುವವರಿದ್ದಾರೆ, ಮೂರು ಪಾಯಿಂಟ್ ಆರು ಅಡಿ ಎಂದು ಓದುವವರೂ ಇದ್ದಾರೆ. ಮೊದಲನೆಯದು 1067, ಎರಡನೆಯದು 1097. ಅಲ್ಲೇ 30 ಮಿ.ಮೀ. ಹೋಯಿತು.

ಟೇಪನ್ನು ಗೋಡೆಯ ಮೂಲೆಯಲ್ಲಿ ಬಗ್ಗಿಸಿ ಓದಿದ್ದರೆ ಇನ್ನೊಮ್ಮೆ ಅಳೆಯಿರಿ. ಎರಡು ನೇರ ರೀಪರ್ (ಮರದ ಪಟ್ಟಿ) ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಎರಡೂ ತುದಿ ಗೋಡೆಗೆ ತಾಗುವ ತನಕ ಜಾರಿಸಿ, ಬಿಗಿಯಾಗಿ ಹಿಡಿದು ಹೊರಗೆ ತಂದು ಅಳೆದರೆ ಅನುಮಾನವೇ ಉಳಿಯುವುದಿಲ್ಲ.

ಹಾಸನ ಫ್ಯಾಬ್ರಿಕೇಶನ್

ಮೇಡಂ, ದಯವಿಟ್ಟು ಈಗಲೇ ಮುಂಗಡ ಕೊಡಬೇಡಿ. ನಿಮ್ಮ ಅಳತೆ ತಪ್ಪಿಲ್ಲ, ಆದರೆ ಚೌಕಟ್ಟಿಗೆ ಬೇಕಾದ ಅಳತೆ ಅದರಲ್ಲಿ ಇನ್ನೂ ಬಂದಿಲ್ಲ.

ಅಗಲ ಮೂರು ಕಡೆಯೂ ಒಂದೇ ಬಂದರೆ ಸಂದು, ಅಂದರೆ ಗೋಡೆಯಲ್ಲಿ ಬಾಗಿಲು ಕೂರುವ ಜಾಗ, ನೇರವಾಗಿದೆ ಎಂದು ಅರ್ಥವಲ್ಲ. ಎರಡೂ ಪಕ್ಕದ ಗೋಡೆ ಒಂದೇ ಕಡೆಗೆ ವಾಲಿದ್ದರೂ ಅಗಲ ಎಲ್ಲ ಎತ್ತರದಲ್ಲೂ ಸಮವೇ ಬರುತ್ತದೆ. ನಾವು ಮಾಡಿಕೊಡುವ ಚೌಕಟ್ಟು ಮಾತ್ರ ನಾಲ್ಕು ಮೂಲೆಯೂ ನೇರವಾಗಿರುವ ಆಯತ. ಮರದ ಚೌಕಟ್ಟು ಹಿಡಿದುಕೊಂಡರೆ ಬಡಗಿ ಅಲ್ಲಲ್ಲೇ ಕೀಸಿ ಕೂರಿಸುತ್ತಾನೆ. ಉಕ್ಕನ್ನು ಮನೆಯ ಮುಂದೆ ನಿಂತು ಗ್ರೈಂಡರ್ ಹಾಕಿ ಕತ್ತರಿಸಿದರೆ ಸತುವಿನ ಲೇಪವೂ ಪೌಡರ್ ಕೋಟಿಂಗೂ ಆ ಅಂಚಿನಲ್ಲಿ ಹೋಗುತ್ತವೆ. ನಿಮ್ಮ ಮಲೆನಾಡಿನ ಮಳೆಗೆ ತುಕ್ಕು ಹಿಡಿಯುವುದು ಅಲ್ಲಿಂದಲೇ.

ಮೂಲೆ ಅಳತೆಯ 10 ಮಿ.ಮೀ. ವ್ಯತ್ಯಾಸವನ್ನೂ ನಂಬಿ ಕೂರಬೇಡಿ. ನಿಮ್ಮ ಎತ್ತರ ಎಡಕ್ಕೂ ಬಲಕ್ಕೂ 10 ಮಿ.ಮೀ. ಬೇರೆ ಇದೆ. ಹೊಸ್ತಿಲು ಒಂದು ಕಡೆಗೆ ಇಳಿಜಾರಾಗಿ, ಗೋಡೆಯೂ ವಾಲಿದ್ದರೆ, ಒಂದರ ವ್ಯತ್ಯಾಸವನ್ನು ಇನ್ನೊಂದು ತಿಂದುಹಾಕಬಹುದು. ಆಗ ವಾಲು ಹೆಚ್ಚಿದ್ದರೂ ಮೂಲೆ ಅಳತೆಯಲ್ಲಿ ಅರ್ಧದಷ್ಟೇ ಕಾಣಿಸಬಹುದು.

ಆದ್ದರಿಂದ ತೂಗುಗುಂಡು ಬಿಡಿ. ಚೌಕಟ್ಟು ಗೋಡೆಯ ದಪ್ಪದಲ್ಲಿ ಎಲ್ಲಿ ಕೂರುತ್ತದೆಯೋ ಅದೇ ಜಾಗದಲ್ಲಿ, ಲಿಂಟಲ್ ಕೆಳಗೆ, ಎರಡೂ ಪಕ್ಕದ ಗೋಡೆಯಿಂದ ತಲಾ 50 ಮಿ.ಮೀ. ಒಳಗೆ ಒಂದೊಂದು ದಾರ ಇಳಿಬಿಡಿ. ಗುಂಡು ಅಲ್ಲಾಡುವುದು ನಿಂತ ಮೇಲೆ ಎರಡು ದಾರಗಳ ನಡುವಿನ ದೂರ ಬರೆದುಕೊಳ್ಳಿ. ಆಮೇಲೆ ಮೇಲೆ, ನಡುವೆ, ಕೆಳಗೆ ದಾರದಿಂದ ಗೋಡೆಗೆ ಎಷ್ಟಿದೆ ನೋಡಿ. ಎಡಗಡೆಯ ಕಡಿಮೆ ಅಳತೆ, ಬಲಗಡೆಯ ಕಡಿಮೆ ಅಳತೆ, ದಾರಗಳ ನಡುವಿನ ದೂರ, ಈ ಮೂರನ್ನು ಕೂಡಿಸಿದರೆ ನೇರವಾಗಿ ನಿಲ್ಲುವ ಆಯತದ ಅಗಲ ಸಿಗುತ್ತದೆ. ಹೊಸ್ತಿಲನ್ನೂ ಲಿಂಟಲನ್ನೂ ನೀರು ತುಂಬಿದ ಟ್ಯೂಬ್ ಲೆವೆಲ್‌ನಿಂದ ನೋಡಿ, ಇಷ್ಟು ಅಗಲಕ್ಕೆ ಸಣ್ಣ ರಸಮಟ್ಟ ಸಾಲದು. ಗೋಡೆ ಒಳಕ್ಕೋ ಹೊರಕ್ಕೋ ವಾಲಿದೆಯೇ ಎಂಬುದನ್ನೂ ಎರಡೂ ಪಕ್ಕದಲ್ಲಿ ಬೇರೆ ಬೇರೆಯಾಗಿ ನೋಡಬೇಕು. ಎರಡೂ ಒಂದೇ ರೀತಿ ವಾಲಿದ್ದರೆ ಸುಧಾರಿಸಬಹುದು. ಒಂದು ಒಳಕ್ಕೆ ಒಂದು ಹೊರಕ್ಕೆ ಇದ್ದರೆ ಕದ ಒಂದು ಮೂಲೆಯಲ್ಲಿ ತಾಗಿ ಇನ್ನೊಂದು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ.

ಆಲ್ದೂರು ಮನೆ

ಮೈದುನ ದಾರ ಹಿಡಿದರು, ನಾನು ಬರೆದುಕೊಂಡೆ. ದಾರಗಳ ನಡುವೆ 979. ಎಡಕ್ಕೆ ಮೇಲೆ 50, ನಡುವೆ 60, ಕೆಳಗೆ 70. ಬಲಕ್ಕೆ ಮೇಲೆ 50, ನಡುವೆ 41, ಕೆಳಗೆ 29. ಲಿಂಟಲ್ ಮಟ್ಟವಾಗಿದೆ. ಹೊಸ್ತಿಲಿನ ಕಲ್ಲು ಎಡಕ್ಕಿಂತ ಬಲದಲ್ಲಿ 10 ತಗ್ಗು. ಒಳ ಹೊರಗಿನ ವಾಲು ಎರಡೂ ಕಡೆ 4, ಒಂದೇ ದಿಕ್ಕಿಗೆ.

ಹಾಸನ ಫ್ಯಾಬ್ರಿಕೇಶನ್

979ಕ್ಕೆ 50 ಮತ್ತು 29 ಸೇರಿಸಿ: 1058. ನಿಮ್ಮ ಸಂದಿನಲ್ಲಿ ನೇರವಾಗಿ ನಿಲ್ಲುವ ಆಯತ ಇಷ್ಟೇ ಅಗಲ. ಎರಡೂ ಗೋಡೆಗಳ ತಲೆ ಬಲಕ್ಕೆ 20 ಮಿ.ಮೀ. ವಾಲಿದೆ. 1070ರ ಚೌಕಟ್ಟು ತಂದಿದ್ದರೆ ಅದು ಗೋಡೆಯ ಜೊತೆ ತಾನೂ ವಾಲಿ ಮಾತ್ರ ಒಳಗೆ ಹೋಗುತ್ತಿತ್ತು. ಬಿಜಾಗರಿ ಬಲಕ್ಕಿದ್ದರೆ ಕದ ತಾನಾಗಿ ತೆರೆದುಕೊಳ್ಳುತ್ತಿತ್ತು, ಎಡಕ್ಕಿದ್ದರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಗಾಳಿಯ ಕಾಟ ಎಂದುಕೊಂಡು ಎಷ್ಟೋ ಮನೆಗಳಲ್ಲಿ ಬಾಗಿಲಿಗೆ ಕಲ್ಲು ಒತ್ತಿಡುತ್ತಾರೆ, ತಪ್ಪು ಚೌಕಟ್ಟಿನದ್ದು.

1058ರಲ್ಲಿ ಪ್ರತಿ ಪಕ್ಕಕ್ಕೆ 9 ಬಿಟ್ಟು ಚೌಕಟ್ಟಿನ ಹೊರ ಅಗಲ 1040 ಮಾಡಿಸಿ. ಎತ್ತರಕ್ಕೆ ಕಡಿಮೆ ಇರುವ 2112 ಹಿಡಿದು, ಮೇಲೆ 12 ಬಿಟ್ಟು 2100. ಎಡಗಾಲು ಹೊಸ್ತಿಲ ಮೇಲೆ ನೇರ ಕೂರುತ್ತದೆ, ಬಲಗಾಲಿನ ಕೆಳಗೆ 10 ಮಿ.ಮೀ. ಉಕ್ಕಿನ ಪಟ್ಟಿ ಕೊಟ್ಟು ಗಾರೆ ತುಂಬಬಹುದು. ಕೆಳಗೆ ಅಡ್ಡಪಟ್ಟಿಯಿಲ್ಲದ ಮೂರು ಬದಿಯ ಚೌಕಟ್ಟು ಬೇಕೆಂದು ಆರ್ಡರಿನಲ್ಲಿ ಬರೆಸಿ, ಅತ್ತೆಯವರ ಹೊಸ್ತಿಲು ಹಾಗೆಯೇ ಉಳಿಯುತ್ತದೆ.

ಬೇಲೂರು ಓದುಗ

ಬಿಸಿಲಿಗೆ ಉಕ್ಕು ಹಿಗ್ಗುವುದಿಲ್ಲವೇ? ಪಕ್ಕಕ್ಕೆ 9 ಮಿ.ಮೀ. ಸಾಕೇ?

ಹಾಸನ ಫ್ಯಾಬ್ರಿಕೇಶನ್

ಹಿಗ್ಗುತ್ತದೆ ಸರ್, ಆದರೆ ಬಹಳ ಕಡಿಮೆ. 2100 ಮಿ.ಮೀ. ಉದ್ದದ ಉಕ್ಕು 30 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೂ ಮುಕ್ಕಾಲು ಮಿಲಿಮೀಟರ್ ಉದ್ದವಾದೀತು. ಪಕ್ಕಕ್ಕೆ 9 ಬಿಡುವುದು ತೂಗುಗುಂಡು ನೋಡಿ ಬೆಣೆ ಹೊಡೆದು ಚೌಕಟ್ಟನ್ನು ನೇರ ಮಾಡುವುದಕ್ಕೆ.

ಆಲ್ದೂರು ಮನೆ

ಲೆಕ್ಕ ಅರ್ಥವಾಯಿತು ಸರ್, ತುಂಬಾ ಉಪಕಾರವಾಯಿತು. ಆದರೆ ಚೌಕಟ್ಟಿನ ಪಟ್ಟಿ ಎರಡೂ ಕಡೆ 50 ಎಂದರೆ ಓಡಾಡಲು 940 ಮಾತ್ರ ಉಳಿಯುತ್ತದೆ. ಬೀರು, ಮಂಚ ಒಳಗೆ ಹೋಗಬೇಕು. ಗೋಡೆ ಒಂದಿಷ್ಟು ಕೆತ್ತಿಸಿದರೆ? ಇನ್ನೊಂದು ಮಾತು, ಮುಂದೆ ನಡುಮನೆಗೆ ಟೈಲ್ಸ್ ಹಾಕಿಸುವ ಯೋಚನೆಯಿದೆ. ಹೊಸ್ತಿಲು ಒಳನೆಲಕ್ಕಿಂತ 25 ಮೇಲಿದೆ.

ಸಕಲೇಶಪುರದ ಗಾರೆ ಮೇಸ್ತ್ರಿ

ಕೆತ್ತುವುದಿದ್ದರೆ ಎಡಗಡೆ ಮೇಲೆ, ಬಲಗಡೆ ಕೆಳಗೆ ಮಾತ್ರ, ಅದೂ ಗಿಲಾವು ದಪ್ಪ ಇದ್ದರೆ. ಲಿಂಟಲ್ ಕೂತಿರುವ ಜಾಗದ ಮಣ್ಣಿನ ಗೋಡೆಯನ್ನು ಮುಟ್ಟಲೇಬೇಡಿ. ಇಡೀ ಭಾರ ಅಲ್ಲಿ ಇಳಿಯುತ್ತದೆ. 20 ಮಿ.ಮೀ. ದಾರಿಗಾಗಿ ಆ ಅಪಾಯ ಬೇಡ. 940ರಲ್ಲಿ ಬೀರು ಅಡ್ಡ ತಿರುಗಿಸಿಕೊಂಡು ಹೋಗುತ್ತದೆ.

ನನಗೆ ಹೆಚ್ಚಿನ ಚಿಂತೆ ಹಿಡಿತದ್ದು. ಸಿಮೆಂಟ್ ಗೋಡೆಗೆ ಹೊಡೆಯುವ ಆಂಕರ್ ಬೋಲ್ಟ್ ಮಣ್ಣಿನ ಗೋಡೆಯಲ್ಲಿ ನಿಲ್ಲುವುದಿಲ್ಲ. ಬಿಗಿದ ದಿನ ಗಟ್ಟಿಯಾಗಿರುತ್ತದೆ, ಕದ ನಾಲ್ಕು ಸಲ ಬಡಿದ ಮೇಲೆ ಸುತ್ತಲಿನ ಮಣ್ಣು ಪುಡಿಯಾಗುತ್ತದೆ. ಪ್ರತಿ ಪಕ್ಕಕ್ಕೆ ಮೂರು ಕಡೆ ಗೂಡು ತೆಗೆದು, ಚೌಕಟ್ಟಿಗೆ ಬೆಸೆದ ಹೋಲ್ಡ್‌ಫಾಸ್ಟ್ ಪಟ್ಟಿಯನ್ನು 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟಿನಲ್ಲಿ ಹೂಳಿಸಿ. ಒಂದು ವಾರ ನೀರು ಹಾಕಿ, ಆಮೇಲೆ ಕದ ತೂಗುಹಾಕಿ. ಅಷ್ಟು ದಿನ ಚೌಕಟ್ಟಿನ ಒಳಗೆ ಅಡ್ಡಲಾಗಿ ಮರದ ಆಸರೆ ತುಂಡುಗಳು ಇರಲಿ, ಇಲ್ಲವಾದರೆ ಗಾರೆಯ ಒತ್ತಡಕ್ಕೆ ನಡುವೆ ಬಾಗುತ್ತದೆ. ವಾಲಿನಿಂದಾಗಿ ಎಡಕ್ಕೆ ಕೆಳಗೆ, ಬಲಕ್ಕೆ ಮೇಲೆ ಸಂದು ಸುಮಾರು 30 ಮಿ.ಮೀ. ಬರುತ್ತದೆ. ಅದಕ್ಕೆ ಫೋಮ್ ಸಾಕಾಗುವುದಿಲ್ಲ, 1:3 (ಸಿಮೆಂಟ್, ಮರಳು) ಗಾರೆಯನ್ನೇ ಒತ್ತಿ ತುಂಬಿಸಿ.

ಹಾಸನ ಫ್ಯಾಬ್ರಿಕೇಶನ್

ಮೇಸ್ತ್ರಿಗಳು ಹೇಳಿದ್ದು ನೂರಕ್ಕೆ ನೂರು ಸರಿ. 1.2 ಮಿ.ಮೀ. ತಗಡು ಚದರ ಮೀಟರಿಗೆ 9.4 ಕಿಲೋ. ಎರಡು ಪದರದ ಕದಕ್ಕೆ ತಗಡೇ ಸುಮಾರು 36 ಕಿಲೋ ಆಗುತ್ತದೆ, ಒಳಪಟ್ಟಿ, ಬೀಗ ಬೇರೆ. ಇಷ್ಟೂ ಭಾರ ಬಿಜಾಗರಿ ಇರುವ ಪಕ್ಕದ ಗೋಡೆಯ ಮೇಲೆ.

ಟೈಲ್ಸ್‌ಗೆ ಅಂಟಿನ ಪದರವೂ ಸೇರಿ 15 ಮಿ.ಮೀ. ಹಿಡಿದರೆ ಹೊಸ್ತಿಲು ಇನ್ನೂ 10 ಮೇಲಿರುತ್ತದೆ, ಕದ ಉಜ್ಜುವುದಿಲ್ಲ. ಹಳೆಯ ನೆಲದ ಮೇಲೆ ದಪ್ಪ ಗಾರೆ ಹಾಸಿ ಟೈಲ್ಸ್ ಕೂರಿಸುವುದಾದರೆ ಈ ಲೆಕ್ಕ ನಡೆಯದು, ಅದನ್ನು ಈಗಲೇ ತೀರ್ಮಾನಿಸಿ. ಕದ ಒಳಕ್ಕೆ ತೆರೆಯುವಾಗ ಸುತ್ತುವ ಒಂದು ಮೀಟರ್ ಜಾಗದಲ್ಲಿ ನೆಲ ಎಲ್ಲಾದರೂ ಉಬ್ಬಿದೆಯೇ ಎಂದೂ ಟ್ಯೂಬ್ ಲೆವೆಲ್‌ನಿಂದ ನೋಡಿ.

ಗೋಡೆಯ ದಪ್ಪ ಎಷ್ಟು? ಚೌಕಟ್ಟು ಹೊರಬದಿಗೆ ಕೂತರೆ ಕದ ಗೋಡೆಗೆ ತಾಗಿ 90 ಡಿಗ್ರಿಗೆ ನಿಲ್ಲುತ್ತದೆ. ಒಳಬದಿಗೆ ಸಮವಾಗಿ ಕೂತರೆ ಪೂರ್ತಿ ತೆರೆಯುತ್ತದೆ, ಇರಚಲೂ ಕದಕ್ಕೆ ಕಡಿಮೆ ಹೊಡೆಯುತ್ತದೆ.

ಆಲ್ದೂರು ಮನೆ

ಗಿಲಾವು ಸೇರಿ 430. ಒಳಬದಿಗೇ ಕೂರಿಸುತ್ತೇವೆ, ದಾರ ಬಿಟ್ಟದ್ದೂ ಅಲ್ಲೇ. ಟೈಲ್ಸ್ ಅಂಟಿನಲ್ಲೇ ಹಾಕಿಸುವುದು, ನೆಲದಲ್ಲಿ ಉಬ್ಬಿಲ್ಲ. ಅಂಗಡಿಯವರಿಗೆ ಹೊಸ ಅಳತೆ ತಿಳಿಸಿದೆ, ಒಪ್ಪಿದ್ದಾರೆ. ಬಲಗೈ ಬಾಗಿಲೋ ಎಡಗೈ ಬಾಗಿಲೋ ಎಂದು ಕೇಳುತ್ತಿದ್ದಾರೆ, ಏನು ಹೇಳಲಿ?

ಹಾಸನ ಫ್ಯಾಬ್ರಿಕೇಶನ್

ಆ ಮಾತೇ ಬೇಡ, ಒಬ್ಬೊಬ್ಬರು ಒಂದೊಂದು ಕಡೆ ನಿಂತು ಎಣಿಸುತ್ತಾರೆ. ಮೇಲಿನಿಂದ ನೋಡಿದ ಹಾಗೆ ಗೋಡೆ, ಕದ, ಕದ ಸುತ್ತುವ ಗೆರೆ ಬರೆಯಿರಿ. ಜಗಲಿ ಯಾವ ಕಡೆ, ನಡುಮನೆ ಯಾವ ಕಡೆ ಎಂದು ಹೆಸರು ಹಾಕಿ. ಬಿಜಾಗರಿ ಇರುವಲ್ಲಿ ಗುರುತು ಮಾಡಿ. ಅದೇ ಹಾಳೆಯಲ್ಲಿ "ಚೌಕಟ್ಟಿನ ಹೊರ ಅಳತೆ 1040 × 2100, ಮೂರು ಬದಿ" ಎಂದು ಬರೆಯಿರಿ. ಹೊರ ಅಳತೆ ಎಂಬ ಮಾತು ಬಿಟ್ಟರೆ ಅದನ್ನು ಸಂದಿನ ಅಳತೆಯೆಂದು ತಿಳಿದು ಇನ್ನೂ 20 ಕಳೆದುಬಿಡುತ್ತಾರೆ. ಅಂಗಡಿಯವರ ಸಹಿ ಹಾಕಿಸಿಕೊಂಡು ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಂಡ ಮೇಲೆ ಮುಂಗಡ ಕೊಡಿ.