ಊರ ನಡುವೆ ಹೊಸ ಅರೀನಾ ಬಂದರೆ, ಹಳೇ ಅರೀನಾ ಪಕ್ಕದಲ್ಲಿರುವ ನಮ್ಮ ಗತಿ ಏನು?

ಬೆಣ್ಣೆದೋಸೆ_ಟೆಕ್ಸಾಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಸ್ಯಾನ್ ಆಂಟೋನಿಯೊಗೆ ಬಂದು ಆರು ವರ್ಷ ಆಯಿತು. ಮೂರು ವರ್ಷದ ಹಿಂದೆ ಈಸ್ಟ್ ಸೈಡ್‌ನಲ್ಲಿ ಒಂದು ಹಳೇ ಮರದ ಮನೆ ತಗೊಂಡೆವು. ನಮ್ಮ ದುಡ್ಡಿಗೆ ಸಿಕ್ಕಿದ್ದು ಅದೊಂದೇ. ಸ್ಪರ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಆಡುವ ಅರೀನಾ (ಒಳಾಂಗಣ ಕ್ರೀಡಾಂಗಣ) ಫ್ರಾಸ್ಟ್ ಬ್ಯಾಂಕ್ ಸೆಂಟರ್ ನಮ್ಮ ಮನೆಯಿಂದ ಕಾರಲ್ಲಿ ಐದು ನಿಮಿಷ.

ವಿಷಯ ನಿಮಗೆ ಗೊತ್ತಿರಬಹುದು. ತಂಡ ಇಲ್ಲಿಂದ ಡೌನ್‌ಟೌನ್‌ಗೆ, ಹೆಮಿಸ್‌ಫೇರ್ ಜಾಗಕ್ಕೆ ಹೋಗುತ್ತದೆ. 1968ರ ವಿಶ್ವಮೇಳಕ್ಕೆ ಕಟ್ಟಿದ್ದ ಟೆಕ್ಸಾಸ್ ಪೆವಿಲಿಯನ್ ಅಲ್ಲೇ ಇತ್ತು, 2025ರಲ್ಲಿ ಅದನ್ನು ಕೆಡವಿದರು. ಹೊಸ ಅರೀನಾಗೆ 130 ಕೋಟಿ ಡಾಲರ್. ಅದರಲ್ಲಿ ನಗರದ್ದು 48.9 ಕೋಟಿವರೆಗೆ, ಕೌಂಟಿಯದು (ನಮ್ಮ ಜಿಲ್ಲೆ ಇದ್ದಂತೆ) 31.1 ಕೋಟಿವರೆಗೆ, ತಂಡದ್ದು ಕನಿಷ್ಠ 50 ಕೋಟಿ. ಖರ್ಚು ಮೀರಿದರೆ ತಂಡವೇ ಹಾಕಬೇಕು. ಕೌಂಟಿಯ ಪಾಲಿಗೆ 2025ರ ನವೆಂಬರ್ 4ರಂದು ಮತ ಹಾಕಿಸಿದರು. ಕೂದಲೆಳೆ ಅಂತರ ಅಲ್ಲದಿದ್ದರೂ ದೊಡ್ಡ ಅಂತರವೇನೂ ಇರಲಿಲ್ಲ. ಪಾಸಾಯಿತು. ನನಗೆ ಇಲ್ಲಿ ಮತ ಇಲ್ಲ. ಮನೆ ತೆರಿಗೆ ಮಾತ್ರ ಕಟ್ಟುತ್ತೇನೆ.

ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನು ಓದಿದ್ದೇನೆ. ಕೌಂಟಿಯದು ಹೋಟೆಲ್ ರೂಮು ಮತ್ತು ಬಾಡಿಗೆ ಕಾರಿನ ಮೇಲಿನ ತೆರಿಗೆ. ನಗರದ್ದು ಹೋಟೆಲ್‌ಗಳಿಂದ ಮುಂದೆ ಜಾಸ್ತಿ ಬರುವ ತೆರಿಗೆ, ಸುತ್ತ ಏಳುವ ಹೊಸ ಕಟ್ಟಡಗಳ ತೆರಿಗೆ, ಜಾಗದ ಬಾಡಿಗೆ, ಹೀಗೆ. ನನ್ನನ್ನು ಕಾಡುತ್ತಿರುವುದು ಅದಲ್ಲ.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. ಹುಟ್ಟಿದ್ದೇ ಈ ಬೀದಿಯಲ್ಲಿ. 2002ರಲ್ಲಿ ಈ ಅರೀನಾ ಇಲ್ಲಿಗೆ ಬಂದಾಗ ಅಂಗಡಿ ಬರುತ್ತವೆ, ಹೋಟೆಲ್ ಬರುತ್ತವೆ, ಕೆಲಸ ಬರುತ್ತದೆ ಅಂದಿದ್ದರಂತೆ. ಅಜ್ಜಿ ಈಗಲೂ ತರಕಾರಿಗೆ ಎರಡು ಬಸ್ಸು ಬದಲಾಯಿಸಿ ಹೋಗುತ್ತಾರೆ. ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ.

ಇಂಥದ್ದು ನಡೆದ ಊರಲ್ಲಿ ನೀವು ಯಾರಾದರೂ ಇದ್ದೀರಾ? ತಂಡ ಬಿಟ್ಟು ಹೋದ ಜಾಗ ಆಮೇಲೆ ಏನಾಗುತ್ತದೆ? ಮನೆ ಇಟ್ಟುಕೊಳ್ಳಲಾ, ಮಾರಲಾ? ಸಭೆಗಳಿಗೆ ಹೋದರೆ ಏನು ಕೇಳಬೇಕು?

ಫಿಲ್ಲಿ_ತೀರ್ಥಹಳ್ಳಿ:

ಮೊದಲು ಒಂದು ಮಾತು. ಸುದ್ದಿ ಕೇಳಿ ಮನೆ ಮಾರಬೇಡಿ.

ನಮ್ಮ ಫಿಲಡೆಲ್ಫಿಯಾ ಕಥೆ ಕೇಳಿ. 2022ರ ಜುಲೈನಲ್ಲಿ ಸಿಕ್ಸರ್ಸ್ ತಂಡದವರು ಮಾರ್ಕೆಟ್ ಸ್ಟ್ರೀಟ್‌ನಲ್ಲಿ, 10ನೇ ಬೀದಿ ಹತ್ತಿರ, 18,500 ಸೀಟಿನ ಅರೀನಾ ಕಟ್ಟುತ್ತೇವೆ ಅಂದರು. ಅದೂ 130 ಕೋಟಿ ಡಾಲರ್ ಲೆಕ್ಕವೇ. ಕೆಳಗೆ ಜೆಫರ್ಸನ್ ರೈಲು ನಿಲ್ದಾಣ, ಪಕ್ಕಕ್ಕೇ ಚೈನಾಟೌನ್. ಆ ಚೈನಾಟೌನ್ ಆಗಲೇ ಒಂದು ಹೆದ್ದಾರಿಗೆ ಜಾಗ ಕೊಟ್ಟಿತ್ತು. 2000ರ ಸುಮಾರಿಗೆ ಬೇಸ್‌ಬಾಲ್ ಸ್ಟೇಡಿಯಂ ಬರುವುದನ್ನು ಹೋರಾಡಿ ತಪ್ಪಿಸಿತ್ತು. ಈ ಸಲವೂ ಮುದುಕರು, ಮಕ್ಕಳು ಎಲ್ಲ ಬೀದಿಗೆ ಇಳಿದರು. ನಾನು ಭಾನುವಾರ ಟೋಫು ತರುವ ಅಂಗಡಿಯಲ್ಲಿ ಕ್ಯಾಶ್ ಕೌಂಟರ್ ಮೇಲೆ ‘ಅರೀನಾ ಬೇಡ’ ಅನ್ನುವ ಚೀಟಿ ಎರಡು ವರ್ಷ ಅಂಟಿಕೊಂಡೇ ಇತ್ತು. ಅಂಚೆಲ್ಲ ಕಿತ್ತು ಬಂದಿತ್ತು. ಆ ಅಂಗಡಿಯವರು ಫ್ರಿಜ್ ಕೆಟ್ಟರೂ ಹೊಸದು ತರಲಿಲ್ಲ. ಅಂಗಡಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದೆ ಯಾರು ದುಡ್ಡು ಹಾಕುತ್ತಾರೆ?

2024ರ ಡಿಸೆಂಬರ್ 19ಕ್ಕೆ ನಗರಸಭೆ 12–5 ಮತದಿಂದ ಒಪ್ಪಿಗೆ ಕೊಟ್ಟಿತು. ಒಂದು ತಿಂಗಳೂ ಆಗಿರಲಿಲ್ಲ. ಜನವರಿಯಲ್ಲಿ ತಂಡದವರೇ ಯೋಜನೆ ಕೈಬಿಟ್ಟು, ದಕ್ಷಿಣ ಫಿಲಡೆಲ್ಫಿಯಾದಲ್ಲೇ ಇರುತ್ತೇವೆ ಅಂದರು. ಎರಡೂವರೆ ವರ್ಷ ಜನ ನಿದ್ದೆಗೆಟ್ಟಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಕಾಗದದ ಮೇಲೆ ಸಹಿ ಬಿದ್ದು ಪಾಯ ತೋಡುವವರೆಗೆ ಯಾವುದೂ ಗಟ್ಟಿ ಅಲ್ಲ.

ನಟೋಮಸ್_ಅಮ್ಮ:

ತಮ್ಮ, ನಿಮ್ಮ ಪ್ರಶ್ನೆ ಓದಿ ಬೆಳಗ್ಗೆಯಿಂದ ಅದೇ ತಲೆಯಲ್ಲಿದೆ. ನೀವು ಈಗ ಇರುವ ಜಾಗದಲ್ಲೇ ನಾವು ಹತ್ತು ವರ್ಷದ ಹಿಂದೆ ಇದ್ದೆವು. ಸ್ವಲ್ಪ ಉದ್ದ ಬರೆಯುತ್ತೇನೆ.

ನಾವು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಊರಿನ ನಟೋಮಸ್ ಬಡಾವಣೆಯಲ್ಲಿ 2003ರಿಂದ ಇದ್ದೇವೆ. ಕಿಂಗ್ಸ್ ತಂಡದ ಹಳೇ ಅರೀನಾ ಇಲ್ಲೇ ಇತ್ತು, 1988ರದ್ದು. ನಮ್ಮ ಮೊದಲ ಬಾಡಿಗೆ ಮನೆಯ ಬಾಲ್ಕನಿಯಿಂದ ಅದರ ದೀಪ ಕಾಣುತ್ತಿತ್ತು. ಇಲ್ಲಿ ಪಂದ್ಯಕ್ಕೆ ಬರುವವರು ದನದ ಗಂಟೆ ತಂದು ಬಾರಿಸುತ್ತಾರೆ. ಎದುರಾಳಿ ತಂಡದ ಕೋಚ್ ಒಬ್ಬರು ಈ ಊರನ್ನು ದನದ ಊರು ಅಂದಿದ್ದಕ್ಕೆ ಶುರುವಾದದ್ದು. ನಮ್ಮ ಮಾವ ತಿಪಟೂರಿನಿಂದ ಬಂದಾಗ ಕೊಟ್ಟಿಗೆಯಲ್ಲಿದ್ದ ಹಳೇ ಎತ್ತಿನ ಗಂಟೆ ತಂದುಕೊಟ್ಟರು. ಕಂಚಿನದು, ಭಾರ. ಅಮೆರಿಕದ ತಗಡಿನ ಗಂಟೆಗಳ ನಡುವೆ ಅದರ ದನಿ ಬೇರೆಯೇ ಕೇಳುತ್ತಿತ್ತು. ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದರು. ನನ್ನ ಮಗ ಆ ಗಂಟೆ ಹಿಡಿದೇ ದೊಡ್ಡವನಾದ.

2013ರಲ್ಲಿ ತಂಡ ಸಿಯಾಟಲ್‌ಗೆ ಹೋಗುವುದು ಬಹುತೇಕ ಖಾತ್ರಿ ಆಗಿತ್ತು. ಕೊನೆಗೆ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ತಂಡಗಳ ಮಾಲೀಕರು 22–8ರಿಂದ ಬೇಡ ಅಂದರು. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಗುಂಪು ತಂಡವನ್ನು ಕೊಂಡಿತು. ಆ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆ. ಡೌನ್‌ಟೌನ್‌ನಲ್ಲಿ ಹೊಸ ಅರೀನಾ ಆಗಬೇಕು ಅನ್ನುವುದು ತಂಡ ಉಳಿಯಲು ಷರತ್ತು. ನಾವೆಲ್ಲ ಖುಷಿಯಿಂದ ಒಪ್ಪಿದೆವು. ನಮ್ಮ ನಟೋಮಸ್ ಏನಾಗುತ್ತದೆ ಅಂತ ಆಗ ನಾನೂ ಕೇಳಲಿಲ್ಲ. ಅದಕ್ಕೇ ಈಗ ನಿಮಗೆ ಇಷ್ಟು ಬರೆಯುತ್ತಿರುವುದು.

ಹೊಸದು, ಗೋಲ್ಡನ್ 1 ಸೆಂಟರ್, 2016ರ ಅಕ್ಟೋಬರ್‌ನಲ್ಲಿ ತೆರೆಯಿತು. ಸುಮಾರು 55 ಕೋಟಿ ಡಾಲರ್ ಖರ್ಚು, ಅದರಲ್ಲಿ ನಗರದ್ದು ಸುಮಾರು 25 ಕೋಟಿ. ಚೆನ್ನಾಗಿದೆ, ಸುಳ್ಳು ಹೇಳಲ್ಲ. ತಣ್ಣನೆ ಗಾಳಿ ಸೀಟಿನ ಕೆಳಗಿನಿಂದ ಬರುತ್ತದೆ. ಮುಂಬಾಗಿಲು ವಿಮಾನದ ಶೆಡ್ಡಿನ ಬಾಗಿಲ ಥರ ಮೇಲಕ್ಕೆ ಮಡಚಿಕೊಳ್ಳುತ್ತದೆ. ಇಲ್ಲಿ ಬೇಸಿಗೆಯ ಸಂಜೆ ನದಿ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ಬಾಗಿಲು ತೆರೆದಾಗ ಆ ಗಾಳಿ ಒಳಗೆ ಬಂದು ಮುಖಕ್ಕೆ ತಾಗುತ್ತದೆ. ಮೊದಲ ಸಲ ತಾಗಿದಾಗ ಸುಮ್ನೆ ನಿಂತುಬಿಟ್ಟೆ. ಅಲ್ಲಿದ್ದ ಅರ್ಧ ಸತ್ತ ಮಾಲ್ ಹೋಗಿ ಬಯಲು, ಹೋಟೆಲು ಬಂದವು. 2023ರಲ್ಲಿ ತಂಡ 2006ರ ನಂತರ ಮೊದಲ ಸಲ ಪ್ಲೇಆಫ್ ತಲುಪಿದಾಗ, ಗೆದ್ದ ರಾತ್ರಿ ಅರೀನಾ ಮೇಲಿನಿಂದ ಆಕಾಶಕ್ಕೆ ನೇರಳೆ ಬೆಳಕು ಬಿಡುತ್ತಿದ್ದರು. ನಟೋಮಸ್‌ಗೂ ಕಾಣುತ್ತಿತ್ತು.

ಈಗ ಹಳೇ ಜಾಗದ ಮಾತು. 2016ರ ಏಪ್ರಿಲ್‌ನಲ್ಲಿ ಇಲ್ಲಿ ಕೊನೆಯ ಪಂದ್ಯ. ಆಮೇಲೆ ಬಾಗಿಲು ಹಾಕಿದರು. ನಾನು ದಿನಾ ಸಂಜೆ ಆ ಬೇಲಿ ಸುತ್ತ ವಾಕಿಂಗ್ ಹೋಗುತ್ತೇನೆ. ಮೊದಲ ವರ್ಷ ಪಾರ್ಕಿಂಗ್ ಗೆರೆಗಳು ಬೆಳ್ಳಗೆ ಇದ್ದವು. ಎರಡನೇ ವರ್ಷ ಡಾಂಬರು ಬಿರುಕುಬಿಟ್ಟು ಹುಲ್ಲು ಬಂತು. ನಾಲ್ಕನೇ ವರ್ಷಕ್ಕೆ ಸೊಂಟದ ಎತ್ತರ. ಮೊಲ ಓಡಾಡುತ್ತಿದ್ದವು. ಕೋವಿಡ್ ಬಂದಾಗ 400 ಹಾಸಿಗೆಯ ಆಸ್ಪತ್ರೆ ಅಂತ ಸಜ್ಜು ಮಾಡಿದರು, ಬಂದ ರೋಗಿಗಳು ಬೆರಳೆಣಿಕೆಯಷ್ಟು. 2022ರಲ್ಲಿ ಕೆಡವಿದರು. ನಮ್ಮ ಬೀದಿಯ ತುದಿಯಲ್ಲಿ ಒಂದು ಪಿಜ್ಜಾ ಅಂಗಡಿ ಇತ್ತು. ಪಂದ್ಯದ ದಿನ ಬಾಗಿಲವರೆಗೂ ಸಾಲು. ತಂಡ ಹೋದ ಮೇಲೆ ಒಂದೂವರೆ ವರ್ಷ ಎಳೆದು ಮುಚ್ಚಿದರು. ಹಳೇ ಜಾಗದಲ್ಲಿ ಏನು, ಯಾವಾಗ ಅಂತ ಹೇಳುವ ತಾರೀಖು ನಮ್ಮ ಕೈಯಲ್ಲಿ ಇರಲಿಲ್ಲ. ಹೊಸ ಅರೀನಾಗೆ ಮಾತ್ರ ದಿನ ಗೊತ್ತಿತ್ತು, ಗಂಟೆಯೂ ಗೊತ್ತಿತ್ತು.

ಡೌನ್‌ಟೌನ್ ಅಂಗಡಿಗಳ ವಿಷಯಕ್ಕೂ ಒಂದು ಮಾತು. ನನ್ನ ಆಫೀಸು ಅರೀನಾದಿಂದ ನಾಲ್ಕು ಬೀದಿ ಆಚೆ. ಕೆಳಗೆ ಸ್ಯಾಂಡ್‌ವಿಚ್ ಅಂಗಡಿ ಇತ್ತು. ಬೆಳಗ್ಗೆ ಆರಕ್ಕೆ ತೆರೆದು ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತಿದ್ದರು. ಪಂದ್ಯ ಸಂಜೆ ಏಳಕ್ಕೆ. ಆ ಜನಕ್ಕೂ ಇವರಿಗೂ ಸಂಬಂಧವೇ ಇಲ್ಲ. ಕೋವಿಡ್ ನಂತರ ಸರ್ಕಾರಿ ಕಚೇರಿಯವರು ಮನೆಯಿಂದ ಕೆಲಸ ಮಾಡತೊಡಗಿದರು, ಆ ಅಂಗಡಿ ಹೋಯಿತು. ಒಂದು ತಂಡ ಊರಲ್ಲಿ ಆಡುವ ಲೀಗ್ ಪಂದ್ಯ ವರ್ಷಕ್ಕೆ 41. ಸಂಗೀತ, ಕುಸ್ತಿ ಎಲ್ಲ ಸೇರಿಸಿದರೂ ದಿನಾ ಊಟಕ್ಕೆ ಬರುವ ಗುಮಾಸ್ತರಿಗೆ ಅದು ಸಮ ಆಗಲ್ಲ.

ಹಾಗೇ ಸಾಲದ ವಿಷಯ. ಇಲ್ಲಿ ನಗರದ ಸಾಲ ತೀರಿಸಲು ನೆಚ್ಚಿದ್ದು ಪಾರ್ಕಿಂಗ್ ದುಡ್ಡು. 2020ರಲ್ಲಿ ಯಾರೂ ಕಾರು ನಿಲ್ಲಿಸಲಿಲ್ಲ. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ನಿಮ್ಮಲ್ಲಿ ಹೋಟೆಲ್ ತೆರಿಗೆ ನೆಚ್ಚಿದ್ದಾರೆ. ಹೋಟೆಲ್ ಖಾಲಿ ಬಿದ್ದ ವರ್ಷ ಕಂತು ಯಾವ ಜೇಬಿನಿಂದ ಹೋಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ.

ಮನೆ ವಿಷಯ: ನಾವು ಮಾರಲಿಲ್ಲ. ನಟೋಮಸ್‌ನಲ್ಲಿ ಶಾಲೆ, ವಿಮಾನ ನಿಲ್ದಾಣ, ಹೆದ್ದಾರಿ ಇವೆ, ಬೆಲೆ ಅದರಿಂದ ನಿಂತಿದೆ. ಅರೀನಾದಿಂದ ಏರಿದ್ದೂ ಅಲ್ಲ, ಹೋದಮೇಲೆ ಬಿದ್ದದ್ದೂ ಅಲ್ಲ.

ವೆಂಬಿ_ಫ್ಯಾನ್_210:

ಅಕ್ಕ ಹೇಳಿದ್ದು ಸರಿ ಇರಬಹುದು. ಆದರೆ ನಾನೂ ಸ್ಯಾನ್ ಆಂಟೋನಿಯೊದವನು, ಇಲ್ಲಿ ಓದುತ್ತಿದ್ದೇನೆ, ಈ ಯೋಜನೆ ಬೇಕು ಅನ್ನುವವನು. ಈಗಿನ ಅರೀನಾದಲ್ಲಿ ಪಂದ್ಯ ಮುಗಿದರೆ ಸೀದಾ ಕಾರಿಗೆ ಹೋಗಬೇಕು. ಸುತ್ತ ಕೂತು ತಿನ್ನುವ ಜಾಗ ಇಲ್ಲ. ಹೆಮಿಸ್‌ಫೇರ್ ಆದರೆ ನಡೆದೇ ರಿವರ್ ವಾಕ್‌ಗೆ, ನದಿ ದಂಡೆಯ ಹೋಟೆಲ್ ಸಾಲಿಗೆ, ಹೋಗಬಹುದು. ಈ ಊರಿಗೆ ಇರುವುದು ಒಂದೇ ದೊಡ್ಡ ತಂಡ. ಐದು ಸಲ ಚಾಂಪಿಯನ್. ತಂಡದ ತಾರಾ ಆಟಗಾರ ವೆಂಬನ್ಯಾಮಾ ಬಂದಮೇಲೆ ಬಸ್ಸಲ್ಲಿ ಅಪರಿಚಿತರೂ ಮಾತಾಡುತ್ತಾರೆ. ಅದನ್ನು ಕಳೆದುಕೊಂಡರೆ ಊರೇ ಬಡವಾಗುತ್ತದೆ.

ಇನ್ನೊಂದು: ಹಳೇ ಜಾಗವನ್ನು ಪೂರ್ತಿ ಬಿಟ್ಟಿಲ್ಲ. ಅದೇ ದಿನ ಇನ್ನೊಂದು ಮತವೂ ಪಾಸಾಯಿತು. ಫ್ರಾಸ್ಟ್ ಬ್ಯಾಂಕ್ ಸೆಂಟರ್ ಮತ್ತು ಫ್ರೀಮನ್ ಕೊಲಿಸಿಯಂ ಜಾಗಕ್ಕೆ 19 ಕೋಟಿ ಡಾಲರ್ ದಾಟಿದ ಮೊತ್ತ ಇಟ್ಟಿದ್ದಾರೆ, ರೋಡಿಯೊ (ಕೌಬಾಯ್‌ಗಳ ಕುದುರೆ, ಗೂಳಿ ಸವಾರಿಯ ಪಂದ್ಯ) ಮತ್ತು ವರ್ಷವಿಡೀ ಕಾರ್ಯಕ್ರಮಕ್ಕೆ.

ನಟೋಮಸ್_ಅಮ್ಮ:

ಅದು ನಮಗೆ ಸಿಗದ ಭಾಗ್ಯ, ನಿಜವಾಗಿ ಸಂತೋಷ ಆಯಿತು. ನಿಮ್ಮ ಖುಷಿ ನನಗೆ ಅರ್ಥ ಆಗುತ್ತದೆ, ನಮ್ಮ ಮನೆಯ ಗಂಟೆ ಈಗಲೂ ಪಂದ್ಯಕ್ಕೆ ಹೋಗುತ್ತದೆ.

ಆದರೆ ರೋಡಿಯೊ ಫೆಬ್ರುವರಿಯಲ್ಲಿ ಮೂರು ವಾರದೊಳಗೆ ಮುಗಿಯುತ್ತದೆ ಅಲ್ವಾ? ಆಗ ಸ್ಪರ್ಸ್ ತಂಡವೇ ಜಾಗ ಬಿಟ್ಟು ಬೇರೆ ಊರುಗಳಲ್ಲಿ ಆಡಿಕೊಂಡು ಬರುತ್ತದೆ. ಉಳಿದ ಹನ್ನೊಂದು ತಿಂಗಳು? ‘ವರ್ಷವಿಡೀ’ ಅಂದರೆ ಎಷ್ಟು ದಿನ? ಅಜ್ಜಿ ನಡೆದು ಹೋಗಿ ತರಕಾರಿ ತರುವಂಥ ಅಂಗಡಿ ಅದರಲ್ಲಿ ಇದೆಯಾ? ಇದ್ದರೆ ಯಾವ ವರ್ಷ? ತಂಡದ ಒಪ್ಪಂದ 2032ರವರೆಗೆ ಇದೆ. ಕೇಳಲು ನಿಮಗೆ ಇನ್ನೂ ಸಮಯ ಇದೆ. ನಮಗೆ ಇರಲಿಲ್ಲ.

ಬೆಣ್ಣೆದೋಸೆ_ಟೆಕ್ಸಾಸ್:

ಅಕ್ಕಾರೆ, ತುಂಬಾ ಉಪಕಾರ ಆಯಿತು. ಫಿಲ್ಲಿಯವರಿಗೂ, ನಮ್ಮೂರ ಹುಡುಗನಿಗೂ. ಮನೆ ಮಾರುವ ಯೋಚನೆ ಬಿಟ್ಟೆ.

ನಿಮ್ಮ ಮಾತನ್ನು ಇವತ್ತು ಸಂಜೆ ಅಜ್ಜಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಹುಲ್ಲು ಸೊಂಟದ ಎತ್ತರ ಬಂತು ಅನ್ನುವಲ್ಲಿ ನಿಲ್ಲಿಸಿ ಅಂದರು. ಒಳಗೆ ಹೋಗಿ ಒಂದು ಶೂ ಡಬ್ಬಿ ತಂದರು. 2002ರ ಸುಮಾರಿನ ಕರಪತ್ರ, ಪೇಪರ್ ತುಣುಕು, ಸಭೆಗಳ ನೋಟಿಸು, ಎಲ್ಲ ಇಟ್ಟಿದ್ದಾರೆ. ಒಂದರಲ್ಲಿ ಬಣ್ಣದ ಚಿತ್ರ: ಮರಗಳು, ಅಂಗಡಿ ಸಾಲು, ಕೊಡೆ ಕೆಳಗೆ ಕೂತು ಕಾಫಿ ಕುಡಿಯುವ ಜನ. ಆ ಜಾಗ ಯಾವುದು ಅಂತ ಕೇಳಿದೆ. ನಮ್ಮ ಮೂಲೆಯ ಖಾಲಿ ಸೈಟು.

ಮುಂದಿನ ಸಭೆಗೆ ಅಜ್ಜಿ ಬರುತ್ತೇನೆ ಅಂದಿದ್ದಾರೆ. ಮಾತಾಡುವುದು ಅವರೇ. ನಾನು ಕಾರು ಓಡಿಸುತ್ತೇನೆ, ಡಬ್ಬಿ ಹಿಡಿದುಕೊಳ್ಳುತ್ತೇನೆ.

ನಟೋಮಸ್_ಅಮ್ಮ:

ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪಕ್ಕದಲ್ಲಿ ಇವತ್ತಿನ ಸೈಟಿನ ಫೋಟೋ ಇಡಿ. ಮಾತಾಡಲು ಕೊಡುವುದು ಎರಡು ಮೂರು ನಿಮಿಷ ಅಷ್ಟೇ, ಮನೆಯಲ್ಲೇ ಒಂದು ಸಲ ಗಡಿಯಾರ ಇಟ್ಟು ಹೇಳಿಸಿ ನೋಡಿ. ಅಜ್ಜಿಯ ಹೆಸರನ್ನು ಮೊದಲೇ ಬರೆಸಿ, ಪಟ್ಟಿ ಬೇಗ ತುಂಬುತ್ತದೆ. ಡಬ್ಬಿಯ ಮೂಲ ಕಾಗದ ಯಾರ ಕೈಗೂ ಕೊಡಬೇಡಿ, ನಕಲು ಮಾತ್ರ ಕೊಡಿ.