ಓದುಗರ ಸ್ಪಂದನ: ಗೋಡೆಯಾಚೆಯ ಹಿಲ್ ಹೌಸ್

ಕಳೆದ ಸಂಚಿಕೆಯಲ್ಲಿ ತಾಯಿಯೊಬ್ಬರು ತಮ್ಮ ಸಂಕಟ ತೋಡಿಕೊಂಡಿದ್ದರು. ಗಂಡ ತೀರಿಕೊಂಡು ಎಂಟು ತಿಂಗಳಾಗಿದೆ. ಹದಿನಾರು ವರ್ಷದ ಮಗ ರಾತ್ರಿ ಕೋಣೆಯ ಕದ ಹಾಕಿಕೊಂಡು ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಎಂಬ ದೆವ್ವದ ಮನೆಯ ಸರಣಿ ನೋಡುತ್ತಾನೆ. ಬಾಲ್ಯದಲ್ಲಿ ಆ ಮನೆಯಲ್ಲಿದ್ದ ಐವರು ಒಡಹುಟ್ಟಿದವರ ಮತ್ತು ಅವರ ತಂದೆತಾಯಿಯ ಕತೆ ಅದು. ಹತ್ತು ಕಂತು ಮುಗಿದರೆ ಮತ್ತೆ ಮೊದಲಿನಿಂದ ಶುರು. ನಡುನಡುವೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಪರದೆಗೆ ಮುಖವಿಟ್ಟು ಏನನ್ನೋ ಹುಡುಕುತ್ತಾನೆ. ಕೇಳಿದರೆ “ಸುಮ್ಮನೆ” ಎನ್ನುತ್ತಾನೆ. “ಪಕ್ಕದ ಕೋಣೆಯಲ್ಲಿ ಮಲಗಿ ಆ ಸದ್ದನ್ನೆಲ್ಲ ಕೇಳಿಸಿಕೊಳ್ಳುತ್ತೇನೆ. ನಿಲ್ಲಿಸಲೇ, ಬಿಡಲೇ?” ಎಂಬುದು ಅವರ ಪ್ರಶ್ನೆಯಾಗಿತ್ತು.

ಬಂದ ಪತ್ರಗಳಲ್ಲಿ ಕೆಲವನ್ನು ಹೆಸರು ಕೈಬಿಟ್ಟು ಪ್ರಕಟಿಸುತ್ತಿದ್ದೇವೆ. ಸರಣಿಯನ್ನು ಇನ್ನೂ ನೋಡದವರು ಗಮನಿಸಬೇಕು, ಕತೆಯ ಗುಟ್ಟುಗಳು ಇಲ್ಲಿ ಬಯಲಾಗುತ್ತವೆ. ಮೊದಲಿಗೆ ಎಲ್ಲಕ್ಕಿಂತ ಚಿಕ್ಕ ಪತ್ರ.

“ಆ ಸರಣಿಗೆ ಅಮೆರಿಕದಲ್ಲೇ ವಯಸ್ಕರ ದರ್ಜೆ ಕೊಟ್ಟಿದ್ದಾರೆ. ಹದಿನಾರರ ಹುಡುಗ ಅದನ್ನು ಎರಡನೆಯ ಸಲ ನೋಡುವವರೆಗೂ ನೀವು ಏನು ಮಾಡುತ್ತಿದ್ದಿರಿ? ಅವನ ಪ್ರೊಫೈಲ್‌ಗೆ ವಯೋಮಿತಿ ಹಾಕಿ, ನಿಮ್ಮದಕ್ಕೆ ಪಿನ್ ಇಡಿ, ರಾತ್ರಿ ಹತ್ತಕ್ಕೆ ಮೊಬೈಲ್ ನಿಮ್ಮ ಕೈಗೆ ಬರಲಿ. ಇದರಲ್ಲಿ ಊರವರನ್ನು ಕೇಳುವುದೇನಿದೆ?”

ವಯೋಮಿತಿಯ ಮಾತು ಸರಿಯಾದದ್ದೇ. ಆ ಎಂಟು ತಿಂಗಳು ತಾಯಿಗೂ ಹೇಗೆ ಕಳೆದಿರಬಹುದು ಎಂಬುದನ್ನು ಮುಂದಿನ ಪತ್ರಗಳೊಂದಿಗೆ ಓದಿಕೊಳ್ಳಬಹುದು. ಹುಡುಗ ಹುಡುಕುತ್ತಿರುವುದೇನು ಎಂಬ ಪ್ರಶ್ನೆಗೆ, ದೃಶ್ಯ ಸಂಕಲನದ ಕೆಲಸದಲ್ಲಿರುವ ಓದುಗರೊಬ್ಬರು ಉತ್ಸಾಹದಿಂದ ಉತ್ತರಿಸಿದ್ದಾರೆ.

“ಅವನು ದೆವ್ವಗಳನ್ನು ಎಣಿಸುತ್ತಿದ್ದಾನೆ! ನಿರ್ದೇಶಕ ಮೈಕ್ ಫ್ಲಾನಗನ್ ಹಿಲ್ ಹೌಸ್‌ನ ದೃಶ್ಯಗಳ ಹಿನ್ನೆಲೆಯಲ್ಲಿ ಹತ್ತಾರು ಆಕೃತಿಗಳನ್ನು ಅಡಗಿಸಿಟ್ಟಿದ್ದಾರೆ. ಬಾಗಿಲ ಸಂದಿಯಲ್ಲಿ ಒಂದು ಮುಖ, ಮೆಟ್ಟಿಲ ಕೆಳಗೊಂದು ಕೈ. ಸಂಗೀತ ಎಚ್ಚರಿಸುವುದಿಲ್ಲ, ಕ್ಯಾಮೆರಾ ಅತ್ತ ತಿರುಗುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ಸರಣಿ ಬಂದಾಗಿನಿಂದ ನೋಡುಗರು ಹೀಗೆ ನಿಲ್ಲಿಸಿ ನಿಲ್ಲಿಸಿ ಹುಡುಕುತ್ತಲೇ ಇದ್ದಾರೆ. ಆರನೆಯ ಕಂತನ್ನಂತೂ ನಾನು ನನ್ನ ಕಿರಿಯ ಸಹೋದ್ಯೋಗಿಗಳಿಗೆ ಪಾಠದಂತೆ ತೋರಿಸುತ್ತೇನೆ. ಸುಮಾರು ಒಂದು ಗಂಟೆಯ ಕಂತು, ಹೆಚ್ಚುಕಡಿಮೆ ಪೂರ್ತಿಯಾಗಿ ಐದೇ ಸುದೀರ್ಘ ಶಾಟ್‌ಗಳಲ್ಲಿದೆ. ಮಗಳ ಶವಪೆಟ್ಟಿಗೆ ಇರುವ ಕಟ್ಟಡದ ಓಣಿಯಲ್ಲಿ ನಡೆಯುತ್ತಾ ತಂದೆ ಹಳೆಯ ಮನೆಯೊಳಗೇ ಹೋಗಿಬಿಡುತ್ತಾನೆ, ನಡುವೆ ಕತ್ತರಿ ಕಾಣುವುದಿಲ್ಲ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ದುಃಖದ ಐದು ಹಂತಗಳಿಗೆ ಐವರು ಮಕ್ಕಳು ಒಬ್ಬೊಬ್ಬರು ಎಂಬ ಸೂತ್ರವೂ ಒಳಗಿದೆ. ಶರ್ಲಿ ಜಾಕ್ಸನ್ ಅವರ 1959ರ ಕಾದಂಬರಿಯಲ್ಲಿ ಈ ಕುಟುಂಬವೇ ಇಲ್ಲ, ಇದು ಸರಣಿಯವರ ಕಲ್ಪನೆ. ನಿಮ್ಮ ಮಗನಿಗೆ ಒಳ್ಳೆಯ ಕಣ್ಣಿದೆ. ಚಲನಚಿತ್ರ ಕಲಿಕೆಗೆ ಸೇರಿಸಿ.”

ಸರಣಿಯನ್ನು ಪ್ರೀತಿಸುವವರು ಹೀಗೆ ಬರೆದರೆ ಓದಲು ಸಂತೋಷ. ಅವರು ಹೇಳಿದ ಐದು ಹಂತಗಳ ಬಗ್ಗೆ ಆಪ್ತಸಮಾಲೋಚಕಿಯೊಬ್ಬರ ಪತ್ರವೂ ಬಂದಿದೆ.

“ಸರಣಿಯ ಮಕ್ಕಳಲ್ಲಿ ಸ್ಟೀವನ್‌ಗೆ ನಿರಾಕರಣೆ, ಶರ್ಲಿಗೆ ಸಿಟ್ಟು ಎಂದು ಹಂಚಿದ್ದಾರೆ. ಕತೆಗೆ ಅದು ಒಪ್ಪುತ್ತದೆ. ಮನೆಯ ಮಗನಿಗೆ ಆ ಅಳತೆಗೋಲು ಹಿಡಿಯಬೇಡಿ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಈ ಹಂತಗಳನ್ನು ಹೇಳಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಮಾತನಾಡಿಸಿ. ಉಳಿದವರ ದುಃಖ ಸರತಿಯಲ್ಲಿ ನಿಂತು ಬರುವುದಿಲ್ಲ. ಎಂಟು ತಿಂಗಳಿಗೆ ಮುಗಿಯಬೇಕೆಂಬ ನಿಯಮವೂ ಇಲ್ಲ. ನಾನು ಕೇಳುವುದು ಬೇರೆ: ಹುಡುಗ ನಿದ್ದೆ ಮಾಡುತ್ತಿದ್ದಾನೆಯೇ? ಸರಣಿಯ ಐವರಲ್ಲಿ ಒಬ್ಬಳಾದ ನೆಲ್ ಎಚ್ಚರವಾಗಿದ್ದೂ ಕೈಕಾಲು ಆಡಿಸಲಾಗದೆ ಎದುರಿಗೆ ಆಕೃತಿಯನ್ನು ಕಾಣುತ್ತಾಳೆ. ಅಂಥ ಅನುಭವ ನಿಜ ಜೀವನದಲ್ಲೂ ಅನೇಕರಿಗೆ ಆಗುತ್ತದೆ. ಕನಸಿನ ನಿದ್ದೆಯಲ್ಲಿ ಸಡಿಲವಾದ ಸ್ನಾಯುಗಳು ಹತೋಟಿಗೆ ಬರುವ ಮೊದಲೇ ಮನಸ್ಸು ಎಚ್ಚೆತ್ತಿರುತ್ತದೆ. ನಿದ್ದೆಗೆಟ್ಟವರಲ್ಲಿ ಇದು ಹೆಚ್ಚು. ಅವನಿಗೂ ಹಾಗಾಗುತ್ತಿದ್ದರೆ ಅದು ಏನೆಂದು ತಿಳಿಸಿ ಹೇಳಿದರೇ ಅರ್ಧ ಭಯ ಹೋಗುತ್ತದೆ. ಊಟ, ಓದು, ಸ್ನೇಹಿತರು ಎಲ್ಲದರಿಂದಲೂ ಅವನು ಹಿಂದೆ ಸರಿದಿದ್ದರೆ ಮನೋವೈದ್ಯರನ್ನು ಕಾಣಲು ತಡ ಮಾಡಬೇಡಿ.”

ಸರಣಿ ಹಿಡಿಸದವರೂ ಬರೆದಿದ್ದಾರೆ. “ಸತ್ತವರು ಸತ್ತರು. ದೆವ್ವ ಇಲ್ಲ ಎಂದು ಹುಡುಗನಿಗೆ ಒಂದೇ ಸಲ ಸ್ಪಷ್ಟವಾಗಿ ಹೇಳಿ” ಎಂಬುದು ಒಬ್ಬರ ಪೂರ್ತಿ ಪತ್ರ. ಇನ್ನೊಬ್ಬರ ತಕರಾರು ನಮ್ಮನ್ನು ಯೋಚನೆಗೆ ಹಚ್ಚಿತು.

“ಒಂಬತ್ತು ಕಂತು ಉಸಿರು ಬಿಗಿಹಿಡಿದು ನೋಡಿದೆ. ಹತ್ತನೆಯದು ಮೋಸ ಮಾಡಿತು. ತಾಯಿಯನ್ನೂ ಮಗಳನ್ನೂ ನುಂಗಿದ ಮನೆ ಕೊನೆಗೆ ಸತ್ತವರೆಲ್ಲ ಒಟ್ಟಿಗಿರುವ ತಾವಾಗುತ್ತದೆ. ತಂದೆ ಮಕ್ಕಳನ್ನು ಉಳಿಸಲು ತಾನೇ ಆ ಕಡೆಗೆ ಸೇರಿಬಿಡುತ್ತಾನೆ. ಮನೆ ನೋಡಿಕೊಳ್ಳುವ ದಂಪತಿಗೆ ಸತ್ತ ಮಗಳು ಅಲ್ಲಿ ಸಿಗುತ್ತಾಳೆಂಬುದೇ ಆಸೆ. ನನ್ನಂಥವರಿಗೆ ಇದು ಕತೆಯ ದೌರ್ಬಲ್ಯ ಮಾತ್ರ. ಅಪ್ಪನನ್ನು ಕಳೆದುಕೊಂಡ ಹುಡುಗನ ಕಿವಿಗೆ ಇದು ಹೇಗೆ ಬೀಳುತ್ತದೋ ಎಂದು ಹೆದರಿಕೆಯಾಯಿತು. ಉಳಿದ ಕಂತುಗಳು ಹೇಗಾದರೂ ಇರಲಿ, ಕೊನೆಯದನ್ನು ಅವನು ಒಬ್ಬನೇ ನೋಡುವಂತೆ ಬಿಡಬೇಡಿ. ಮುಗಿದ ಮೇಲೆ ಅದರ ಬಗ್ಗೆ ಮಾತನಾಡಿ.”

ಈ ಸಲಹೆಯನ್ನು ತಾಯಿ ದಯವಿಟ್ಟು ಎರಡು ಸಲ ಓದಿಕೊಳ್ಳಲಿ.

ಮುಂದಿನ ಪತ್ರದಲ್ಲಿ ಒಂದು ಸಾಲನ್ನೂ ನಾವು ಕತ್ತರಿಸಿಲ್ಲ.

“ಸರಣಿಯ ಹೆಸರು ನಿಮ್ಮ ಪುಟದಲ್ಲಿ ಕಂಡಾಗ ಪತ್ರಿಕೆಯನ್ನು ಮಡಚಿಟ್ಟೆ. ಮೂರು ದಿನ ಬಿಟ್ಟು ಮತ್ತೆ ತೆಗೆದೆ.

ನನಗೆ ಐವತ್ತೊಂದು ವರ್ಷ. ತಂಗಿ ತೀರಿಕೊಂಡು ನಾಲ್ಕು ವರ್ಷವಾಯಿತು. ಹಿಂದಿನ ರಾತ್ರಿ 9.40ಕ್ಕೆ ಅವಳ ಕರೆ ಬಂದಿತ್ತು. ನಾನು ಎತ್ತಲಿಲ್ಲ. ಅವಳ ಹತ್ತಿರ ಮಾತಿಗೆ ಕುಳಿತರೆ ಒಂದು ಗಂಟೆ ಹೋಗುತ್ತಿತ್ತು, ನನಗೆ ಮರುದಿನ ಬೇಗ ಏಳಬೇಕಿತ್ತು. ಬೆಳಿಗ್ಗೆ ಮಾಡಿದರಾಯಿತು ಎಂದು ಮೊಬೈಲನ್ನು ಬೋರಲು ಹಾಕಿ ಮಲಗಿದೆ. ಬೆಳಿಗ್ಗೆ ಬಂದದ್ದು ಅವಳ ಗಂಡನ ಕರೆ. ಹೃದಯಾಘಾತ.

ಒಂದೂವರೆ ವರ್ಷ ಕಳೆದಿತ್ತು. ಹೆದರಿಸುವ ಕತೆ ನೋಡಿದರೆ ಮನಸ್ಸು ಸ್ವಲ್ಪ ಬೇರೆ ಕಡೆ ಹೋದೀತು ಎಂದು ಹಿಲ್ ಹೌಸ್ ಹಾಕಿಕೊಂಡೆ. ಮೊದಲ ಕಂತಿನಲ್ಲೇ ನೆಲ್ ಅಣ್ಣ ಸ್ಟೀವನ್‌ಗೆ ಕರೆ ಮಾಡುತ್ತಾಳೆ. ಅವನು ಎತ್ತುವುದಿಲ್ಲ. ಕಂತು ಮುಗಿಯುವಾಗ ಅವಳು ಅವನ ಮನೆಯಲ್ಲೇ ನಿಂತಿದ್ದಾಳೆ, ಅವನು ಅವಳನ್ನು ಗದರುತ್ತಿದ್ದಾನೆ, ಅಷ್ಟರಲ್ಲಿ ತಂದೆಯ ಕರೆ ಬರುತ್ತದೆ. ನೆಲ್ ಸತ್ತಿದ್ದಾಳೆ.

ಆ ಕಂತನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅವಳು ಕಾಣಿಸಿಕೊಳ್ಳುವ ಮೊದಲೇ ನಿಲ್ಲಿಸಿ, ಅವಳು ಕರೆ ಮಾಡುವಲ್ಲಿಗೆ ಹಿಂದಿರುಗುತ್ತಿದ್ದೆ. ಈ ಸಲ ಅವನು ಎತ್ತುತ್ತಾನೆ ಎಂಬಂತೆ ಕಾಯುತ್ತಿದ್ದೆ. ಹೆಂಡತಿಗೆ ಕಂಡದ್ದು ಗಂಡನಿಗೆ ದೆವ್ವದ ಸರಣಿಯ ಹುಚ್ಚು ಹಿಡಿದಿದೆ ಎಂದಷ್ಟೇ. ‘ಹೆದರಿಕೆಯಾಗುವುದಿಲ್ಲವೇ?’ ಎಂದು ಕೇಳಿದಳು. ಇಲ್ಲ ಎಂದೆ, ಅದು ನಿಜವೇ ಆಗಿತ್ತು. ‘ಯಾವ ದೃಶ್ಯ ನೋಡುತ್ತಿದ್ದೀರಿ?’ ಎಂದು ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ ಎಂದು ಈಗ ಅನಿಸುತ್ತದೆ. ಅವಳ ಮೇಲೆ ತಪ್ಪು ಹೊರಿಸುತ್ತಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಹಳೆಯ ಮೊಬೈಲ್ ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ. ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತೇನೆ. ಗಾಜು ಮೂಲೆಯಿಂದ ಸೀಳಿದೆ. ಆ ಸೀಳು ಅವಳ ಹೆಸರಿಗೆ ಒಂದು ಬೆರಳು ಕೆಳಗೆ ಬಂದು ನಿಂತಿದೆ. ಹೆಸರಿನ ಪಕ್ಕದಲ್ಲಿ ಕೆಂಪು ಬಾಣ, 9.40.

ಅಮ್ಮಾ, ನಿಮ್ಮ ಮಗ ದೆವ್ವಗಳನ್ನು ಎಣಿಸುತ್ತಿರಬಹುದು, ಬರೀ ಆಟವಿರಬಹುದು. ಆದರೂ ಅವನು ಎಲ್ಲಿ ನಿಲ್ಲಿಸುತ್ತಾನೆ ಎಂದು ಒಮ್ಮೆ ನೋಡಿ. ಯಾಕೆ ಎಂದು ಕೇಳಬೇಡಿ. ಎಲ್ಲಿ ಎಂದು ಕೇಳಿ.”

ಇದರ ಮುಂದೆ ನಾವು ಸೇರಿಸುವ ಮಾತಿಲ್ಲ. ಗಂಡನನ್ನು ಕಳೆದುಕೊಂಡ ಹಿರಿಯ ಓದುಗರೊಬ್ಬರು ಕಾರ್ಡಿನಲ್ಲಿ ನಾಲ್ಕು ಸಾಲು ಬರೆದಿದ್ದಾರೆ.

“ಎಲ್ಲರೂ ಹುಡುಗನ ಬಗ್ಗೆಯೇ ಬರೆಯುತ್ತಾರೆ, ನೋಡುತ್ತಿರಿ. ಪಕ್ಕದ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುವವಳನ್ನು ಯಾರು ಕೇಳಿದರು? ನಾನೂ ಒಂದು ವರ್ಷ ಹಾಗೆಯೇ ಮಲಗಿದ್ದೆ ತಂಗಿ. ಎದ್ದು ಹೋಗಿ ಅವನ ಕದ ತಟ್ಟು. ಸರಣಿ ಅರ್ಥವಾಗಬೇಕಿಲ್ಲ, ಮಂಚದ ತುದಿಯಲ್ಲಿ ಕುಳಿತರೆ ಸಾಕು.”

ಕೊನೆಯದಾಗಿ, ಸರಣಿಯನ್ನು ತಾಯಿಯ ಜೊತೆ ನೋಡಿ ಮುಗಿಸಿದ ಹದಿನೇಳರ ಹುಡುಗಿಯ ಪತ್ರ.

“ಆಂಟಿ, ಅವನ ಜೊತೆ ನೋಡುವುದಾದರೆ ಮೊದಲ ಕಂತಿನಿಂದಲೇ ನೋಡಿ, ಮಧ್ಯದಿಂದ ನೋಡಿದರೆ ಐವರು ಮಕ್ಕಳಲ್ಲಿ ಯಾರು ಯಾರೆಂದು ಗೊತ್ತಾಗುವುದಿಲ್ಲ. ಚಿಕ್ಕವರಾಗಿದ್ದಾಗಿನ ಕತೆ, ದೊಡ್ಡವರಾದ ಮೇಲಿನದು ಎರಡೂ ಕಲಸಿಕೊಂಡು ಬರುತ್ತವೆ. ಅರ್ಥವಾಗದಿದ್ದರೆ ಅವನನ್ನೇ ಕೇಳಿ, ಅವನಿಗೆ ಎಲ್ಲ ಗೊತ್ತಿರುತ್ತದೆ. ಎಂಟನೆಯ ಕಂತಿನಲ್ಲಿ ಅಕ್ಕತಂಗಿಯರಿಬ್ಬರು ಕಾರಿನಲ್ಲಿ ಜಗಳವಾಡುವ ದೃಶ್ಯವಿದೆ. ಅಲ್ಲಿ ನನ್ನ ಅಮ್ಮ ಚೀರಿಬಿಟ್ಟರು. ಆ ದೃಶ್ಯ ಬರುವ ಮುಂಚೆ ಹೇಳು ಎಂದು ಅವನಿಗೆ ಮೊದಲೇ ಹೇಳಿಡಿ. ‘ಅಮ್ಮ, ಈಗ ಕಣ್ಣು ಮುಚ್ಚಿಕೊ’ ಎಂದು ಅವನು ಹೇಳುತ್ತಾನೆ.”